ನಾರು ಸುತ್ತುವ ಹುಲುಗಮ್ಮ

ಕುರುಗೋಡಿನಿಂದ ಸಿರುಗುಪ್ಪದ ಕಡೆಗೆ ಹೋಗುವ ಬಂಡಿದಾರಿಯಲ್ಲಿ ಬಾವಿಹಾಳು ಎಂಬ ಸಣ್ಣ ಊರು. ಊರಬಾಗಿಲ ಅಗಸಿಯ ಹೊರಗೆ ಒಂದು ಮೆಟ್ಟಿಲು ಬಾವಿ. ಬಿರುಬೇಸಿಗೆಯಲ್ಲೂ ಅದು ಬತ್ತಿದ್ದನ್ನು ಯಾರೂ ಕಂಡಿರಲಿಲ್ಲ. ಹೆಂಗಸರು ಮೆಟ್ಟಿಲಿಳಿದು, ಮೊಣಕಾಲುದ್ದ ನೀರಿನಲ್ಲಿ ನಿಂತು, ಮೇಲೆ ತೇಲುವ ಕಸವನ್ನು ಕೈಯಿಂದ ಸರಿಸಿ ಕೊಡ ಮುಳುಗಿಸುವರು. ಅದೇ ಬಾವಿಯ ಕೊನೆಯ ಮೆಟ್ಟಿಲ ಮೇಲೆ ದಿನಾ ಬೆಳಗ್ಗೆ ಹುಲುಗಮ್ಮ ಕೂತಿರುತ್ತಿದ್ದಳು. ಸುತ್ತಲಿನ ಊರುಗಳಲ್ಲಿ ನಾರುಹುಣ್ಣು ಎದ್ದವರೆಲ್ಲ ಕುಂಟುತ್ತ ಅವಳ ಹತ್ತಿರವೇ ಬರುತ್ತಿದ್ದರು.

ನಾರುಹುಣ್ಣು ಎಂದರೆ ಏನೆಂದು ಇನ್ನು ಮುಂದಿನವರಿಗೆ ತಿಳಿಯದೆ ಹೋದರೆ ಒಳ್ಳೆಯದೇ. ಕಾಲಿನ ಮೇಲೆ ಒಂದು ಬೊಬ್ಬೆ ಏಳುತ್ತದೆ. ಕೆಂಡ ಇಟ್ಟಂತೆ ಉರಿ. ಬೊಬ್ಬೆ ಒಡೆದಾಗ ಒಳಗಿನಿಂದ ಬಿಳಿ ದಾರದಂಥ ಹುಳ ತಲೆ ಹೊರಹಾಕುತ್ತದೆ. ಮೊಳಕ್ಕಿಂತ ಉದ್ದದ ಆ ಹುಳವನ್ನು ಎಳೆದು ತೆಗೆಯುವಂತಿಲ್ಲ. ತುದಿಯನ್ನು ತೊಗರಿ ಕಡ್ಡಿಗೆ ಸಿಕ್ಕಿಸಿ, ದಿನಕ್ಕೆ ಒಂದೋ ಎರಡೋ ಸುತ್ತು ಸುತ್ತಿ ಕಟ್ಟಿಡಬೇಕು. ಅವಸರ ಮಾಡಿದರೆ ಹರಿಯುತ್ತದೆ. ಹರಿದರೆ ಕಾಲು ಬಾತು ನಂಜೇರುತ್ತದೆ. ಹೆಚ್ಚಾಗಿ ಬಿತ್ತನೆಯ ಕಾಲಕ್ಕೇ ಇದು ಏಳುತ್ತಿದ್ದುದರಿಂದ ಎಷ್ಟೋ ಮನೆಗಳಲ್ಲಿ ಗಂಡಸರು ಹಾಸಿಗೆ ಹಿಡಿದು, ಹೊಲ ಬೀಳು ಬೀಳುತ್ತಿತ್ತು.

ಈ ಕೈಕೆಲಸ ಹುಲುಗಮ್ಮನಿಗೆ ಅತ್ತೆಯಿಂದ ಬಂದದ್ದು. ಇದಕ್ಕೆ ಏನೂ ತೆಗೆದುಕೊಳ್ಳಬಾರದು ಎಂದು ಅತ್ತೆ ಸಾಯುವಾಗ ಆಣೆ ಹಾಕಿಸಿಕೊಂಡಿದ್ದಳು. ಗಂಡ ಸತ್ತ ಮೇಲೂ ಹುಲುಗಮ್ಮ ಆ ಆಣೆ ಮುರಿಯಲಿಲ್ಲ. ಬೆಳಗ್ಗೆ ನಾರು ಸುತ್ತುವುದು, ಆಮೇಲೆ ಕಂಡವರ ಹೊಲಕ್ಕೆ ಕೂಲಿಗೆ ಹೋಗುವುದು. ಬಂದವರನ್ನು ತನ್ನ ಪಕ್ಕದಲ್ಲಿ ಕೂರಿಸಿ, ಹುಣ್ಣಿನ ಕಾಲನ್ನು ಬಾವಿಯ ತಣ್ಣೀರಿಗೆ ಇಳಿಬಿಡಿಸುವಳು. ಉರಿ ಇಳಿಯುತ್ತಿತ್ತು, ಹುಳ ಸಡಿಲಾಗುತ್ತಿತ್ತು. ಸ್ವಲ್ಪ ಹೊತ್ತಿಗೆ ಹುಣ್ಣಿನ ಬಾಯಿಂದ ಹಾಲಿನಂಥದೊಂದು ನೀರಿನಲ್ಲಿ ಹರಡಿಕೊಳ್ಳುತ್ತಿತ್ತು.

"ಹಾಲು ಬಿಡ್ತು ನೋಡು. ಇನ್ನ ಹೆದರಬ್ಯಾಡ" ಎನ್ನುವಳು.

ಬಂಡಿ ಹೊಡೆಯುವ ಪಕ್ಕೀರಪ್ಪ ಗಟ್ಟಿಮುಟ್ಟಾದ, ಎತ್ತರದ ಮನುಷ್ಯ. ಅವನೂ ಒಮ್ಮೆ ಆ ಮೆಟ್ಟಿಲ ಮೇಲೆ ಕೂತು ಗೋಳೋ ಎಂದು ಅತ್ತಿದ್ದ.

"ಲೇ ಪಕ್ಕೀರ, ಎತ್ತಿನಂಗ ಅದಿ, ಕೂಸಿನಂಗ ಅಳ್ತೀಯಲ್ಲೋ. ನಿನ್ನ ಹೇಣ್ತಿ ಮ್ಯಾಲೆ ನಿಂತು ನಗಾಕ ಹತ್ಯಾಳ."

"ನಗ್ಲಿ ಬಿಡಬೇ ಯಕ್ಕಾ. ಆಕಿ ಕಾಲಾಗ ಎದ್ದಾಗ ನಾನೂ ನಗ್ತೀನಿ."

ಮಾತಿಗೆಳೆದು ನಗಿಸುತ್ತಲೇ ಅವಳು ಒಂದು ಸುತ್ತು ಸುತ್ತಿಬಿಡುತ್ತಿದ್ದಳು. ಬಾವಿಹಾಳಿನಲ್ಲಿ ಅವಳ ಕೈ ತಾಗದ ಕಾಲೇ ಇರಲಿಲ್ಲ ಎನ್ನಬಹುದು.

ಆ ಕೈ ಉಳಿಸಿಕೊಳ್ಳಲಾಗದ್ದು ಮಗಳನ್ನು ಮಾತ್ರ. ಹಂಪಮ್ಮ, ತಾಯಿಯ ಬಾಯಲ್ಲಿ ಹಂಪಿ, ಒಬ್ಬಳೇ ಮಗಳು. ಸಿರುಗುಪ್ಪಕ್ಕೆ ಕೊಟ್ಟಿತ್ತು. ಅಲ್ಲಿ ಕುಡಿಯುವುದು ಹೊಳೆ ನೀರು, ನಾರುಹುಣ್ಣಿನ ಹೆಸರು ಕೇಳಿದವರೇ ಕಡಿಮೆ. ಯುದ್ಧದ ಕಾಲದಲ್ಲಿ ಹಂಪಮ್ಮ ಬಾಣಂತನಕ್ಕೆ ತವರಿಗೆ ಬಂದಳು. ಗಂಡು ಕೂಸು ಹೆತ್ತು, ಮೈ ಕೈ ತುಂಬಿಕೊಂಡು ಗಂಡನ ಮನೆಗೆ ಹೋದಳು. ಮರುವರ್ಷ ಅವಳ ಕಾಲಿನಲ್ಲಿ ನಾರುಹುಣ್ಣು ಎದ್ದಿತು. ತಾಯಿಯ ಹತ್ತಿರವೇ ವಾಸಿ ಮಾಡಿಸಿಕೊಳ್ಳಲು ಬಂಡಿಯಲ್ಲಿ ಬಂದಳು. ಹುಲುಗಮ್ಮ ಎಲ್ಲರಂತೆ ಅವಳನ್ನೂ ಆ ಮೆಟ್ಟಿಲ ಮೇಲೆ ಕೂರಿಸಿ ಸುತ್ತತೊಡಗಿದಳು. ಮಗಳು ಬೇಗ ಏಳಲಿ ಎಂದು ಒಂದು ಸುತ್ತು ಹೆಚ್ಚಿಗೆ ಸುತ್ತಿದಳೋ, ಹಾಸಿಗೆಯಲ್ಲಿ ಹೊರಳುವಾಗ ಕಡ್ಡಿ ಸಿಕ್ಕಿಕೊಂಡಿತೋ, ಹುಳ ಹರಿಯಿತು. ತೊಡೆಯವರೆಗೆ ಬಾವು ಏರಿತು. ಪಕ್ಕೀರಪ್ಪ ಎತ್ತುಗಳನ್ನು ಓಡಿಸಿ ಬಳ್ಳಾರಿಯ ದೊಡ್ಡಾಸ್ಪತ್ರೆಗೆ ಮುಟ್ಟಿಸಿದ. ಡಾಕ್ಟರು ತಡವಾಯಿತು ಎಂದರು. ಹೆಣವನ್ನು ಅದೇ ಬಂಡಿಯಲ್ಲಿ ತಂದರು. ಕೂಸನ್ನು ಸಿರುಗುಪ್ಪದವರು ಇಟ್ಟುಕೊಂಡರು. ಅಳಿಯ ಬೇರೆ ಮದುವೆಯಾದ.

ಆಮೇಲೆ ಹುಲುಗಮ್ಮನಿಗೆ ಉಳಿದದ್ದು ಆ ಮೆಟ್ಟಿಲು, ಕುಂಟುತ್ತ ಬರುವ ಜನ, ಇಷ್ಟೇ. ಮಗಳು ಕೊನೆಗೆ ಸುಖವಾಗಿ ಕೂತದ್ದು ಅಲ್ಲಿ, ನೀರಿಗೆ ಕಾಲು ಬಿಟ್ಟಾಗ "ತಣ್ಣಗ ಆತಬೇ ಅವ್ವಾ" ಎಂದದ್ದು ಅಲ್ಲಿ. ಯಾರ ಕಾಲು ಹಿಡಿದರೂ ಅವಳಿಗೆ ಆ ಮಾತು ಕೇಳಿಸುತ್ತಿತ್ತು.

ಸ್ವಾತಂತ್ರ್ಯ ಬಂದು ಮೂರು ವರ್ಷವಾಗಿತ್ತು. ಬಾವಿಹಾಳಿನ ಪಂಚಾಯ್ತಿ ಪ್ರೆಸಿಡೆಂಟ್ ಮರಿಬಸಪ್ಪ ಬಳ್ಳಾರಿಗೆ ಹತ್ತಾರು ಸಲ ತಿರುಗಿ, ಬಾವಿ ಕಟ್ಟಲು ಜಿಲ್ಲಾ ಬೋರ್ಡಿನಿಂದ ಗ್ರಾಂಟು ಮಂಜೂರು ಮಾಡಿಸಿಕೊಂಡು ಬಂದ. ಮೆಟ್ಟಿಲುಗಳನ್ನು ಪೂರ್ತಿ ಮುಚ್ಚಿ, ಬಾವಿಗೆ ಸುತ್ತ ಕಟ್ಟೆ ಕಟ್ಟಿ, ರಾಟೆ ಹಾಕಿ ಮೇಲಿನಿಂದಲೇ ನೀರು ಸೇದುವಂತೆ ಮಾಡಬೇಕು. ಸಿಮೆಂಟು, ರಾಟೆ, ಗೌಂಡಿಯ ಕೂಲಿ ಬೋರ್ಡಿನದು. ಕಲ್ಲು ಮಣ್ಣು ಹೊರುವ ದುಡಿಮೆ ಊರಿನದು, ಪುಕ್ಕಟೆ. ಮಳೆಗಾಲದೊಳಗೆ ಕೆಲಸ ಮುಗಿಯದಿದ್ದರೆ ಗ್ರಾಂಟು ಬೇರೆ ಊರಿಗೆ ಹೋಗುತ್ತದೆ.

ಪಂಚಾಯ್ತಿ ಕಟ್ಟೆಯ ಮೇಲೆ ಊರು ಸೇರಿತು. ಮರಿಬಸಪ್ಪ ಎಲ್ಲ ಹೇಳಿ ಮುಗಿಸುವ ಮೊದಲೇ ಪಕ್ಕೀರಪ್ಪ ಬಾಯಿ ಹಾಕಿದ.

"ಬಿಟ್ಟಿ ಚಾಕ್ರಿ ಬಿಳೇ ದೊರಿಗಳ ಜೋಡಿ ಹೋತು ಅಂದಿದ್ರಿ. ಈಗ ಖಾದಿ ಹಾಕ್ಕೊಂಡು ಬಂತೇನ್ರಿ ಗೌಡ್ರ?"

ಎಲ್ಲರೂ ನಕ್ಕರು. ಮರಿಬಸಪ್ಪನೂ ನಕ್ಕ.

"ಅದು ಬ್ಯಾರೆಯವ್ರಿಗೆ ದುಡಿಯೋದು, ಇದು ನಮಗ ನಾವು ದುಡಿಯೋದಪ್ಪ. ಈ ರೋಗ ಬಾವ್ಯಾಗಿನ ನೀರಿಂದ ಬರ್ತೈತಂತ. ಹೆಲ್ತ್ ಇನ್‌ಸ್ಪೆಕ್ಟರ್ ಹೇಳ್ಯಾರ."

ಹುಲುಗಮ್ಮ ಹೆಂಗಸರ ನಡುವಿನಿಂದ ಎದ್ದು ನಿಂತಳು. "ಆ ನೀರಿನಾಗ ಕಾಲಿಟ್ಟು ಎಷ್ಟು ಮಂದಿ ಎದ್ದು ಓಡ್ಯಾಡಿದ್ರಿ? ಈಗ ಆ ನೀರ ರೋಗ ಆತೇನು? ನನ್ನ ಮಗಳು ಕುಂತ ಪಾವಟಿಗಿ ಅದು. ನಾ ಮುಚ್ಚಾಕ ಬಿಡಂಗಿಲ್ಲ."

ಒಬ್ಬರೂ ಎದುರಾಡಲಿಲ್ಲ. ಅವಳ ಕೈಯಿಂದ ಎದ್ದವರೇ ಎಲ್ಲ. "ಹುಲುಗಮ್ಮಕ್ಕ ಬ್ಯಾಡ ಅಂದ ಮ್ಯಾಲೆ ಮುಗೀತು" ಎಂದು ಪಕ್ಕೀರಪ್ಪ ಟವೆಲು ಕೊಡವಿ ಎದ್ದ. ಅವನ ಹಿಂದೆ ಊರೂ ಎದ್ದಿತು.

ಮೂರು ನಾಲ್ಕು ದಿನಕ್ಕೆ ಬಳ್ಳಾರಿಯಿಂದ ಹೆಲ್ತ್ ಇನ್‌ಸ್ಪೆಕ್ಟರ್ ಎರ್ರಣ್ಣ ಸೈಕಲ್ ತುಳಿಯುತ್ತ ಬಂದ. ಮನೆಯಲ್ಲಿ ತೆಲುಗಾಡುವ ಆತ ಕನ್ನಡವನ್ನು ತಡೆದು ತಡೆದು ಆಡುತ್ತಿದ್ದ. ಕಟ್ಟೆಗೆ ಹೋಗದೆ ನೆಟ್ಟಗೆ ಬಾವಿಗೆ ಇಳಿದ. ಹುಲುಗಮ್ಮ ಪಕ್ಕೀರಪ್ಪನ ಹೆಂಡತಿ ಜೋಗಮ್ಮನ ಕಾಲನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು.

"ಅಮ್ಮಾ, ಈ ಹೊತ್ತು ಒಂದಿನ ಬಾವಿ ಬ್ಯಾಡ. ಇದರಾಗ ನೀರು ತಗೊಂಡು ಕಾಲಿಗೆ ಹಿಡೀರಿ" ಎಂದು ಬಿಳಿ ಗಾಜಿನ ಲೋಟ ಚಾಚಿದ.

"ಯಾಕಪ್ಪ, ಬಾವಿಗೆ ಮೈಲಿಗಿ ಆಗೈತೇನು?"

"ನೋಡ್ರಿ, ಆಮ್ಯಾಲೆ ಬೈರಿ."

ಹುಣ್ಣಿನ ಬಾಯನ್ನು ಲೋಟದ ನೀರಿಗೆ ತಾಗಿಸಿದ್ದೇ ತಡ, ಹಾಲಿನ ಎಳೆ ಇಳಿದು ನೀರು ಮಬ್ಬಾಯಿತು. ಎರ್ರಣ್ಣ ಜೇಬಿನಿಂದ ಭೂತಗನ್ನಡಿ ತೆಗೆದು ಲೋಟದ ಮೇಲೆ ಹಿಡಿದು, ಬಿಸಿಲಿಗೆ ತಿರುಗಿಸಿದ. ಹುಲುಗಮ್ಮ ಬಗ್ಗಿ ನೋಡಿದಳು. ಕೂದಲಿಗಿಂತ ಸಣ್ಣ ಎಳೆಗಳು, ಲೆಕ್ಕವಿಲ್ಲದಷ್ಟು, ಮುಲುಮುಲು ಹೊರಳುತ್ತಿದ್ದವು.

"ಜೀವ ಐತಿ ಇದರಾಗ" ಎಂದಳು.

"ಹೌದಮ್ಮಾ. ಹಾಲಲ್ಲ ಇದು, ಮರಿಗಳು. ಬಾವಿ ನೀರಿನಾಗ ಸಣ್ಣ ಹುಳ ಇರ್ತಾವ, ಅವು ಇದನ್ನ ನುಂಗ್ತಾವ. ಆ ನೀರು ನಾವು ಕುಡೀತೀವಿ. ಒಂದು ವರ್ಷ ಮೈಯಾಗ ಬೆಳೆದು ಕಾಲಾಗ ಬರ್ತೈತಿ. ಹೊಳಿ ನೀರಿಗೆ ಈ ಕಾಟ ಇಲ್ಲ. ಮೆಟ್ಟಿಲು ಮುಚ್ಚಿ, ಯಾರ ಕಾಲೂ ನೀರು ಮುಟ್ಟದಂಗ ಮಾಡಿದ್ರ ಎರಡೇ ವರ್ಷ, ಈ ಊರಾಗ ನಾರುಹುಣ್ಣು ಇರಂಗಿಲ್ಲ."

ಹುಲುಗಮ್ಮ ಲೋಟವನ್ನೇ ನೋಡುತ್ತಿದ್ದಳು. ಹೊಳೆ ನೀರಿನ ಊರಿನ ಸೊಸೆ. ಬಾಣಂತನಕ್ಕೆ ಬಂದಾಗ ಈ ಬಾವಿಯ ನೀರನ್ನೇ ತಾನು ಕುಡಿಸಿದ್ದು. ಸರಿಯಾಗಿ ಒಂದು ವರ್ಷಕ್ಕೆ ಬೊಬ್ಬೆ.

"ಹಂಗಾದ್ರ ನಮ್ಮ ಹಂಪಿ?"

"ಯಾರಮ್ಮಾ ಹಂಪಿ?" ಎಂದ ಎರ್ರಣ್ಣ.

ಜೋಗಮ್ಮ ಇನ್‌ಸ್ಪೆಕ್ಟರನಿಗೆ ಸುಮ್ಮನಿರಲು ಕಣ್ಸನ್ನೆ ಮಾಡಿದಳು.

ಮರುದಿನದಿಂದ ಹುಲುಗಮ್ಮ ಬಾವಿಗೆ ಹೋಗಲಿಲ್ಲ. ಬಂದವರನ್ನು ಅಂಗಳದಲ್ಲಿ ಕೂರಿಸಿ, ಚೆಂಬಿನಿಂದ ನೀರು ಹೊಯ್ದು, ಆ ನೀರು ತಿಪ್ಪೆಯ ಬೂದಿಗೆ ಹೋಗುವಂತೆ ಮಾಡಿ ಸುತ್ತಿ ಕಳಿಸಿದಳು. ಯಾರನ್ನೂ ನಗಿಸಲಿಲ್ಲ. ಅವಳಿಗೆ ಎರಡು ದಾರಿಗಳಿದ್ದವು. ಬಾಯಿ ಮುಚ್ಚಿಕೊಂಡಿದ್ದರೆ ಗ್ರಾಂಟು ಹಿಂದಕ್ಕೆ ಹೋಗುತ್ತಿತ್ತು, ಊರು ಅವಳನ್ನು ಮೊದಲಿನಂತೆಯೇ ತಲೆಯ ಮೇಲೆ ಹೊತ್ತುಕೊಂಡಿರುತ್ತಿತ್ತು. ಇನ್‌ಸ್ಪೆಕ್ಟರ್ ಹೇಳಿದ್ದು ಖರೆ ಎಂದರೆ, ಮಗಳನ್ನು ಕೊಂದವಳು ತಾನೇ ಎಂದು ಊರ ಮುಂದೆ ಹೇಳಿದಂತಾಗುತ್ತಿತ್ತು. ಜೋಗಮ್ಮನ ಮಗಳು ಹನುಮಮ್ಮ ಬಸುರಿ, ಅವಳನ್ನೂ ಸಿರುಗುಪ್ಪಕ್ಕೇ ಕೊಟ್ಟಿತ್ತು, ಉಗಾದಿ ಕಳೆದ ಮೇಲೆ ಹೆರಿಗೆಗೆ ತವರಿಗೆ ಬರುವವಳಿದ್ದಳು. ಅದನ್ನು ಕೇಳಿದ ದಿನ ಹುಲುಗಮ್ಮ ಮರಿಬಸಪ್ಪನ ಮನೆಗೆ ಹೋಗಿ, "ಊರು ಕೂಡಸಪ್ಪ" ಎಂದಳು.

ಈ ಸಲ ಅವಳು ಗಂಡಸರ ಎದುರಿಗೇ ನಿಂತಳು.

"ಪಾವಟಿಗಿ ಮುಚ್ಚಿಬಿಡ್ರಿ. ಇನ್‌ಸ್ಪೆಕ್ಟರ್ ಹೇಳಿದ್ದು ಖರೆ, ನಾ ಕಣ್ಣಾರೆ ಕಂಡೀನಿ. ಒಬ್ಬರ ಕಾಲಿನ ಹುಳ ನೀರಿಗೆ ಬಿಡಿಸಿ ಇನ್ನೊಬ್ಬರಿಗೆ ಕುಡಿಸಿದಾಕಿ ನಾನ. ತಿಳೀಲಾರದ ಮಾಡೀನಿ. ಆದ್ರ ಮಾಡಿದಾಕಿ ನಾನ."

ಹಿಂದೆ ಕೋಲೂರಿ ನಿಂತಿದ್ದ ದುರುಗಪ್ಪ, ನಾರು ಹರಿದು ಮೊಣಕಾಲು ಸೊಟ್ಟಗಾಗಿ ಉಳಿದವನು, ಮೆಲ್ಲಗೆ ಕೇಳಿದ:

"ನನ್ನ ಕಾಲೂ ಹಂಗ ಆತೇನು ಯಕ್ಕಾ?"

"ನಿನ್ನ ಕಾಲೂ ಹಂಗ ಆತು ತಮ್ಮಾ."

ಅವನು ಕೋಲೂರಿಕೊಂಡು ಹೊರಟುಹೋದ.

ಉಗಾದಿಯ ಮರುದಿನ ಕೆಲಸ ಶುರುವಾಯಿತು. ಮನೆಗೊಬ್ಬರಂತೆ ಬಂದರು. ಬಳ್ಳಾರಿಯ ಕೌಲ್ ಬಜಾರಿನಿಂದ ಗೌಂಡಿ ಹೈದರಸಾಬ ಬಂದು ದಾರ ಹಿಡಿದು ಗುರುತು ಹಾಕಿದ. ಮೊದಲು ಎತ್ತುಗಳಿಗೆ ಕಪಿಲೆ ಕಟ್ಟಿ, ನೀರೆಲ್ಲ ಎತ್ತಿ ಬರಿದು ಮಾಡಿ, ಸುಣ್ಣ ಹಾಕಿ, ಆಮೇಲೆ ಮೆಟ್ಟಿಲುಗಳ ಮೇಲೆ ಕಲ್ಲು ಸುರಿಯತೊಡಗಿದರು. ಹುಲುಗಮ್ಮನೂ ಬುಟ್ಟಿ ಹಿಡಿದು ಬಂದಳು.

ತುಂಬಿದ ಬುಟ್ಟಿಯನ್ನು ಒಬ್ಬರೇ ತಲೆಗೇರಿಸಿಕೊಳ್ಳಲಾಗದು. ಪಕ್ಕದವರು ಕೈ ಕೊಡಬೇಕು. ಆ ದಿನ ಹೆಂಗಸರು ಒಬ್ಬರಿಗೊಬ್ಬರು ಎತ್ತಿಕೊಟ್ಟು ನಡೆದರು. ಹುಲುಗಮ್ಮ ತುಂಬಿದ ಬುಟ್ಟಿಯ ಮುಂದೆ ತಲೆಯ ಮೇಲೆ ಬಟ್ಟೆಯ ಸಿಂಬಿ ಇಟ್ಟುಕೊಂಡು ನಿಂತೇ ಇದ್ದಳು. ಯಾರೂ ಬೈಯಲಿಲ್ಲ, ಯಾರೂ ಅವಳ ಕಡೆ ನೋಡಲೂ ಇಲ್ಲ. ಜೋಗಮ್ಮ ಕೂಡ ತಲೆ ಬಗ್ಗಿಸಿ ಪಕ್ಕದಿಂದ ಹಾದುಹೋದಳು. ಬಹಳ ಹೊತ್ತಿನ ಮೇಲೆ ಹೈದರಸಾಬ ಕರಣೆ ಕೆಳಗಿಟ್ಟು ಬಂದು, "ಹಿಡಿಯವ್ವಾ" ಎಂದು ಬುಟ್ಟಿ ಎತ್ತಿಕೊಟ್ಟ. ಅವನಿಗೆ ಊರಿನ ಸುದ್ದಿ ಗೊತ್ತಿರಲಿಲ್ಲ. ಕೊನೆಯ ಮೆಟ್ಟಿಲು ಮುಚ್ಚುವ ಹೊತ್ತಿಗೆ ಅವಳು ಹೊತ್ತ ಬುಟ್ಟಿಗಳನ್ನೆಲ್ಲ ಅವನೇ ಎತ್ತಿಕೊಟ್ಟಿದ್ದ.

ಮಳೆಗೆ ಮುಂಚೆ ಬಾವಿ ಮುಗಿಯಿತು. ಬಳ್ಳಾರಿಯಿಂದ ಬೋರ್ಡಿನವರು ಬಂದು, ಊರಿನವರ ದುಡಿಮೆಯನ್ನು ಹೊಗಳಿ, ಇದು ತಾಲೂಕಿಗೇ ಮಾದರಿ ಎಂದರು. ಮರಿಬಸಪ್ಪನಿಗೆ ಹಾರ ಹಾಕಿದರು. ಹೆರಿಗೆಗೆ ಆಗಷ್ಟೇ ಬಂದಿದ್ದ ಹನುಮಮ್ಮ ಮೊದಲ ಕೊಡದ ನೀರು ಕುಡಿದಳು. ಹುಲುಗಮ್ಮ ಹಿಂದೆ ಗೋಡೆಗೆ ಒರಗಿ ನಿಂತು, ನೀರು ಅವಳ ಗಂಟಲಲ್ಲಿ ಇಳಿಯುವುದನ್ನೇ ನೋಡಿದಳು.

ಆ ವರ್ಷವೂ ನಾರುಹುಣ್ಣು ಎದ್ದಿತು. ಹಿಂದೆ ಕುಡಿದದ್ದು ಈಗ ಬರುತ್ತದೆ ಎಂದು ಎರ್ರಣ್ಣ ಮೊದಲೇ ಹೇಳಿದ್ದರೂ ಜನ ಗೊಣಗಿದರು. ಆದರೆ ಯಾರೂ ಹುಲುಗಮ್ಮನ ಅಂಗಳಕ್ಕೆ ಬರಲಿಲ್ಲ. ತಮ್ಮ ತಮ್ಮ ಮನೆಯಲ್ಲೇ ತಮಗೆ ತಿಳಿದಂತೆ ಸುತ್ತಿಕೊಂಡರು. ಅವಳು ಕೂಲಿಗೆ ಹೋಗುವಳು, ಬರುವಳು, ಒಲೆ ಹಚ್ಚುವಳು. ಹನುಮಮ್ಮ ಬಾಣಂತನ ಮುಗಿಸಿ ಸಿರುಗುಪ್ಪಕ್ಕೆ ಹೊರಟ ದಿನ ಮಾತ್ರ ಬಂಡಿಯ ಹಿಂದೆ ಅಗಸಿಯವರೆಗೆ ನಡೆದುಹೋದಳು.

ಅವಳೊಳಗೆ ಒಂದು ಮಾತು ಕುದಿಯುತ್ತಿತ್ತು. ಇನ್‌ಸ್ಪೆಕ್ಟರ್ ಹೇಳಿದ್ದು ತಪ್ಪಾಗಿರಲೂಬಹುದು. ಮುಚ್ಚಿದ ಬಾವಿಯ ನೀರು ಕುಡಿದ ಹುಡುಗಿಗೂ ವರ್ಷದ ಮೇಲೆ ಬೊಬ್ಬೆ ಎದ್ದರೆ, ಹಂಪಿಯನ್ನು ಕೊಂದದ್ದು ತಾನಲ್ಲ. ಹುಡುಗಿಯ ಕಾಲು ಚೊಕ್ಕವಾಗಿರಲಿ ಎಂದು ಮನೆದೇವರಿಗೆ ದಿನಾ ಕೈಮುಗಿಯುತ್ತಿದ್ದಳು. ಕೈಮುಗಿಯುವಾಗ ಮನಸ್ಸಿನ ಮೂಲೆಯಲ್ಲಿ ಇನ್ನೊಂದು ಆಸೆ ತಲೆ ಹಾಕುತ್ತಿತ್ತು, ಅದಕ್ಕೆ ತಾನೇ ಹೆದರುತ್ತಿದ್ದಳು.

ಮುಂದಿನ ಮುಂಗಾರಿಗೆ ಬಾವಿಹಾಳಿನಲ್ಲಿ ಹೊಸದಾಗಿ ನಾರುಹುಣ್ಣು ಎದ್ದು ಒಬ್ಬರೂ ಕುಂಟಲಿಲ್ಲ. ಹನುಮಮ್ಮ ನಡೆಯಲು ಕಲಿತಿದ್ದ ಕೂಸಿನೊಂದಿಗೆ ತವರಿಗೆ ಬಂದಳು. ಸುದ್ದಿ ಕೇಳಿದ ಹುಲುಗಮ್ಮ ಒಂದು ವರ್ಷದಿಂದ ತುಳಿಯದ ಪಕ್ಕೀರಪ್ಪನ ಹೊಸ್ತಿಲು ತುಳಿದಳು.

"ಕಾಲು ತೋರ್ಸವ್ವ" ಎಂದಳು.

ಹನುಮಮ್ಮ ತಾಯಿಯ ಮುಖ ನೋಡಿದಳು. ಜೋಗಮ್ಮ ಹೂಂ ಎಂದು ತಲೆಯಾಡಿಸಿದಳು. ಹುಲುಗಮ್ಮ ಕೆಳಗೆ ಕೂತು, ಹುಡುಗಿಯ ಕಾಲುಗಳನ್ನು ತೊಡೆಯ ಮೇಲಿಟ್ಟುಕೊಂಡು, ಪಾದದ ಹರಡಿನಿಂದ ಮೊಣಕಾಲವರೆಗೆ ಬೆರಳಿನಿಂದ ಒತ್ತಿ ಒತ್ತಿ ನೋಡಿದಳು. ಎಲ್ಲೂ ಬಾವಿಲ್ಲ, ಗಂಟಿಲ್ಲ, ಚರ್ಮದಡಿಯಲ್ಲಿ ದಾರ ಹರಿದ ಗುರುತಿಲ್ಲ. ನೋಡುತ್ತಿದ್ದಂತೆ ಅವಳ ಕಣ್ಣಿಂದ ದಳದಳ ನೀರು ಸುರಿಯಿತು.

"ಚೊಲೊ ಐತಲ್ಲ ಯಕ್ಕಾ, ಯಾಕ ಅಳ್ತಿ?" ಎಂದಳು ಜೋಗಮ್ಮ. ಬಹಳ ದಿನದ ಮೇಲೆ ಅವಳು ಯಕ್ಕಾ ಎಂದದ್ದು.

"ಚೊಲೊ ಐತಿ. ಅದಕ್ಕ ಅಳಾಕತ್ತೀನಿ. ಆಗ್ಲೇ ಪಾವಟಿಗಿ ಮುಚ್ಚಿದ್ರ ನಮ್ಮ ಹಂಪಿನೂ ಹಿಂಗ ನಕ್ಕೋತ ಗಂಡನ ಮನಿಗೆ ಹೋಗ್ತಿದ್ಲು ನೋಡು."

ಹುಲುಗಮ್ಮ ಆ ಕಾಲುಗಳನ್ನು ಮೆಲ್ಲಗೆ ಕೆಳಗಿಟ್ಟು, ಹುಡುಗಿಯ ಸೀರೆ ಅಂಚು ಸರಿಮಾಡಿ, ಗೋಡೆ ಹಿಡಿದು ಎದ್ದಳು. ಜೋಗಮ್ಮ ಹೊಸ್ತಿಲವರೆಗೆ ಅವಳ ಹಿಂದೆ ಬಂದಳು, ಕೂತುಕೋ ಎನ್ನಲಿಲ್ಲ.