ಅತ್ತಿಗೆಯ ಸರದಿಯ ಕಾಫಿ

ಆರಾಧನೆ ಮುಗಿದ ಮೇಲೆ ಕಾಫಿ ಮಾಡಿಕೊಡಲು ಮುಂದಿನ ವಾರ ಯಾರು ನಿಲ್ಲುತ್ತೀರಿ ಎಂದು ಪಾಸ್ಟರ್ ಕೇಳಿದ್ದೇ ತಡ, ಹಿಂದಿನ ಬೆಂಚಿನಿಂದ ನಮ್ಮ ಅತ್ತಿಗೆ ಕೈ ಎತ್ತಿಬಿಟ್ಟರು. ಪಕ್ಕದಲ್ಲಿದ್ದ ನಾನು ಅವರ ತೋಳು ಜಗ್ಗಿದೆ. ಸಭೆಯೆಲ್ಲ ತಿರುಗಿ ಅತ್ತಿಗೆಯನ್ನು ನೋಡಿತು, ಆಮೇಲೆ ಸರಕಾರಿ ಆಸ್ಪತ್ರೆಯ ನರ್ಸಮ್ಮನನ್ನು ನೋಡಿತು. ನರ್ಸಮ್ಮ ಮಾತ್ರ ಹಾಡಿನ ಪುಸ್ತಕದಿಂದ ತಲೆ ಎತ್ತಲಿಲ್ಲ.

ಕಾರಣ ಎಲ್ಲರಿಗೂ ಗೊತ್ತಿದ್ದದ್ದೇ. ನನ್ನ ಅಣ್ಣ ಚರ್ಚಿನ ವ್ಯಾನ್ ಓಡಿಸುತ್ತಿದ್ದ. ಎರಡು ವರ್ಷದ ಹಿಂದೆ ಮಕ್ಕಳನ್ನು ಪಿಕ್‌ನಿಕ್ಕಿನಿಂದ ವಾಪಸು ಕರೆತರುವಾಗ, ಗಲಾಟೆ ಮಾಡುತ್ತಿದ್ದವರನ್ನು ಗದರಲು ಹಿಂದಕ್ಕೆ ತಿರುಗಿದ. ಅಷ್ಟೇ. ವ್ಯಾನ್ ಹೋಗಿ ಸೇತುವೆಯ ಗೋಡೆಗೆ ಬಡಿಯಿತು. ಉಳಿದವರು ತರಚು ಗಾಯದಲ್ಲಿ ಪಾರಾದರು. ನರ್ಸಮ್ಮನ ಮಗಳ ಕಾಲು ಮೊದಲಿನಂತಾಗಲಿಲ್ಲ. ಅಂದಿನಿಂದ ಅಣ್ಣ ಚರ್ಚಿನ ಮೆಟ್ಟಿಲು ಹತ್ತಿಲ್ಲ. ಭಾನುವಾರ ಗಂಟೆ ಹೊಡೆದರೆ ಕಿಟಕಿ ಮುಚ್ಚಿಕೊಂಡು ಕೂರುತ್ತಾನೆ. ಅತ್ತಿಗೆ ನನ್ನ ಜೊತೆ ಬಂದು, ಕೊನೆಯ ಆಶೀರ್ವಾದ ಮುಗಿಯುವಷ್ಟರಲ್ಲಿ ರಸ್ತೆ ಸೇರಿರುತ್ತಾರೆ. ಯಾರೂ ಒಂದು ಕೆಟ್ಟ ಮಾತು ಆಡಿದವರಲ್ಲ. ಆಡಿದ್ದರೆ ನಾನು ಚೆನ್ನಾಗಿ ತಿರುಗಿಸಿ ಕೊಡುತ್ತಿದ್ದೆ. ಮಾತೇ ಆಡದವರ ಜೊತೆ ಹೇಗೆ ಜಗಳ ಆಡುವುದು?

"ನಿಮಗೇನು ತಲೆ ಕೆಟ್ಟಿದ್ಯಾ ಅತ್ತಿಗೆ?" ಮನೆ ಸೇರುತ್ತಲೇ ಕೇಳಿದೆ.

ಅತ್ತಿಗೆ ಹೊಲಿಗೆಯವರು. ಗುಂಡುಪಿನ್ನು ತುಟಿಯಲ್ಲಿ ಕಚ್ಚಿಕೊಂಡೇ ಮಾತಾಡುವ ಅಭ್ಯಾಸ. "ಎಷ್ಟು ದಿನ ಅಂತ ಕಳ್ಳರ ಹಾಗೆ ಓಡಿ ಬರೋದು? ನಾನು ಹೊಲಿದ ಬಟ್ಟೆ ಹಾಕ್ಕೋತಾರೆ, ನಾನು ಮಾಡಿದ ಕಾಫಿ ಕುಡಿಯಲ್ವಾ?"

ಒಳಗಿನಿಂದ ಅಣ್ಣ ಹೇಳಿದ: "ನಮ್ಮ ಮನೆ ಕಾಫಿ ಆ ನರ್ಸಮ್ಮನ ಗಂಟಲಲ್ಲಿ ಇಳಿಯಲ್ಲ ಕಣೇ. ಇಳಿದ್ರೆ ಬಂದು ಹೇಳು, ಮುಂದಿನ ವಾರ ನಾನೂ ಬರ್ತೀನಿ."

ಅತ್ತಿಗೆಗೆ ಅಷ್ಟು ಸಾಕಾಯಿತು. ವಾರವಿಡೀ ಬಾಯಲ್ಲಿ ಅದೇ ಮಾತು: ಬರ್ತೀನಿ ಅಂದಿದ್ದಾರೆ, ಬರ್ತೀನಿ ಅಂದಿದ್ದಾರೆ.

ಚರ್ಚಿನ ಬಾಯ್ಲರ್ ಮುದಿಯಾದದ್ದು. ಬೇಗ ಹಾಕಿದರೆ ನೀರು ಕುದ್ದು ಕುದ್ದು ಬತ್ತುತ್ತದೆ, ತಡವಾದರೆ ಜನ ಕಾಯಬೇಕು. ಅದಕ್ಕೆ ನಮ್ಮಲ್ಲೊಂದು ಲೆಕ್ಕವಿದೆ. ಪಾಸ್ಟರ್ ಬೋಧನೆಯಲ್ಲಿ ಮೊದಲ ಸಲ "ಕೊನೆಯದಾಗಿ" ಎಂದ ಕೂಡಲೇ ಸ್ವಿಚ್ ಹಾಕಬೇಕು. ಆ ಪುಣ್ಯಾತ್ಮರು ಒಂದು ಕೊನೆಗೆ ಮುಗಿಸಿದವರೇ ಅಲ್ಲ. ಆಮೇಲೂ ಎರಡು ಮೂರು ಕೊನೆಗಳು ಬರುತ್ತವೆ, ಅಷ್ಟರಲ್ಲಿ ಕಾಫಿ ಸಿದ್ಧ.

ಆ ಭಾನುವಾರ ಪಾಸ್ಟರರ ಗಂಟಲು ಶೀತಕ್ಕೆ ಕಟ್ಟಿತ್ತು. "ಕೊನೆಯದಾಗಿ" ಎಂದರು. ಅಡುಗೆಮನೆಯಲ್ಲಿ ಅತ್ತಿಗೆ ಸ್ವಿಚ್ ಹಾಕಿದರು. ಪಾಸ್ಟರ್ ಕೂಡಲೇ "ಆಮೆನ್" ಎಂದರು. ಮುಗಿದೇ ಹೋಯಿತು!

ಜನ ಪಕ್ಕದ ಸಭಾಂಗಣಕ್ಕೆ ಬಂದರು. ನೀರು ಇನ್ನೂ ಉಗುರುಬೆಚ್ಚಗೂ ಆಗಿರಲಿಲ್ಲ. ಬೇರೆ ದಿನವಾದರೆ ನೂಕುನುಗ್ಗಲಿನಲ್ಲಿ ಯಾರು ಕುಡಿದರು, ಯಾರು ಬಿಟ್ಟರು ಗೊತ್ತಾಗುತ್ತಿರಲಿಲ್ಲ. ಈಗ ಎಲ್ಲರದೂ ಬರಿಗೈ. ನೋಡುವುದು ಬಿಟ್ಟರೆ ಬೇರೆ ಕೆಲಸವೇ ಇಲ್ಲ. ಒಬ್ಬರು ಗಡಿಯಾರ ನೋಡಿಕೊಂಡರು, ಇನ್ನೊಬ್ಬರು ಕೆಮ್ಮಿದರು. ನರ್ಸಮ್ಮ ಮಗಳ ಕೈ ಹಿಡಿದು ಬಾಗಿಲ ಹತ್ತಿರವೇ ನಿಂತಿದ್ದರು, ಬ್ಯಾಗು ಹೆಗಲಿನಿಂದ ಇಳಿದಿರಲಿಲ್ಲ. ಅವರು ಹೊರಟರೆ ಹಿಂದೆಯೇ ಅರ್ಧ ಸಭಾಂಗಣ ಖಾಲಿಯಾಗುತ್ತದೆಂದು ನನಗೆ ಗೊತ್ತಿತ್ತು. 

"ಹೋಗೋರು ಹೋಗ್ಲಿ ಬಿಡಿ ಅತ್ತಿಗೆ," ಎಂದೆ.

"ಬಾಯಿ ಮುಚ್ಕೊಂಡು ಕಪ್ಪು ಒರೆಸು."

ಅಂತೂ ಬಾಯ್ಲರ್ ಗೊಳಗೊಳ ಸದ್ದು ಮಾಡಿತು. ಅತ್ತಿಗೆ ಮೊದಲ ಕಪ್ಪು ತುಂಬಿ ಮೇಜಿನ ಮೇಲಿಟ್ಟರು. ಸಾಸರಿಗೆ ಚೆಲ್ಲಿದ್ದನ್ನು ಬಟ್ಟೆಯಿಂದ ಒರೆಸಿದರು. ಯಾರೂ ಕೈ ಚಾಚಲಿಲ್ಲ. ಕಪ್ಪು ಅಲ್ಲೇ ಹೊಗೆಯಾಡುತ್ತಾ ಕೂತಿತ್ತು.

ನರ್ಸಮ್ಮ ಮಗಳ ಕೈ ಬಿಟ್ಟರು. ಮೇಜಿನ ತನಕ ನಡೆದು ಬಂದರು. ಕಪ್ಪು ಎತ್ತಿ ಒಂದು ಗುಟುಕು ಕುಡಿದರು.

"ನೀರು ಸರಿಯಾಗಿ ಕುದ್ದಿಲ್ಲ."

"ಪಾಸ್ಟ್ರು ಕೈಕೊಟ್ಟುಬಿಟ್ರು," ಅತ್ತಿಗೆಯ ಬಾಯಿಂದ ಹೊರಟೇಹೋಯಿತು.

"ಉದ್ದ ಮಾಡಿದ್ರೂ ಬೈತೀರಿ, ಗಿಡ್ಡ ಮಾಡಿದ್ರೂ ಬೈತೀರಿ," ಎಂದು ಪಾಸ್ಟರ್ ಒಡಕು ಗಂಟಲಲ್ಲಿ ಗೊಣಗಿದರು. ಯಾರೋ ಕಿಸಕ್ಕೆಂದು ನಕ್ಕರು. ಮರುಕ್ಷಣ ಮೇಜಿನ ಸುತ್ತ ಜನವೋ ಜನ.

ಅಲ್ಲಿಗೆ ಮುಗಿಯಲಿಲ್ಲ. ಕಾಯಿಲೆ ಕಸಾಲೆಯಿಂದ ಬರಲಾಗದೆ ಮನೆಯಲ್ಲೇ ಉಳಿದವರಿಗೆ ಫ್ಲಾಸ್ಕಿನಲ್ಲಿ ಕಾಫಿ ಕಳಿಸುವುದು ನಮ್ಮ ಚರ್ಚಿನ ರೂಢಿ. ಕಾಫಿಗೆ ನಿಂತವರು ಫ್ಲಾಸ್ಕು ಎತ್ತಿ ಹಿಡಿದು ಕೂಗಬೇಕು. ಯಾರಾದರೂ ಒಂದು ಮನೆ ಹೇಳಿ ಕೊಂಡೊಯ್ಯುತ್ತಾರೆ. ಎರಡು ವರ್ಷದಲ್ಲಿ ನಮ್ಮ ಮನೆಯನ್ನು ಯಾರೂ ಹೇಳಿಲ್ಲ.

"ಮನೇಲಿ ಯಾರಿದ್ದಾರೆ?" ಅತ್ತಿಗೆ ಕೂಗಿದರು.

"ಗಡಿಯಾರ ರಿಪೇರಿ ತಾತ," ಎಂದರು ಒಬ್ಬರು. "ಬೇಕರಿಯವರ ಅತ್ತೆ," ಎಂದರು ಇನ್ನೊಬ್ಬರು. ಒಂದು ಫ್ಲಾಸ್ಕು ಉಳಿಯಿತು.

"ಇನ್ಯಾರಾದ್ರೂ?" ಅತ್ತಿಗೆಯ ದನಿ ಇಳಿದಿತ್ತು. ಊರಿಗೆಲ್ಲ ಬಾಯಿ ಮಾಡುವ ನನಗೆ ಸ್ವಂತ ಅಣ್ಣನ ಹೆಸರೆತ್ತಲು ಆಗಲಿಲ್ಲ.

"ನಿಮ್ಮ ಮನೇಲೇ ಒಬ್ರಿದ್ದಾರಲ್ಲ," ಎಂದರು ನರ್ಸಮ್ಮ.

"ಅವರಿಗೆ... ಅವರಿಗೆ ಕಾಯಿಲೆ ಏನಿಲ್ಲ."

"ಯಾವುದು ಕಾಯಿಲೆ ಅಂತ ನನಗೆ ಹೇಳಿಕೊಡ್ಬೇಡಿ. ತುಂಬಿಸಿ." ಫ್ಲಾಸ್ಕನ್ನು ಅವರೇ ಕೈಗೆ ತೆಗೆದುಕೊಂಡರು. "ಕೋಪ ಹೋಗಿದೆ ಅಂದ್ಕೋಬೇಡಿ. ಹೋಗಿಲ್ಲ. ಕಾಫಿ ಆರಿಹೋಗುತ್ತೆ, ನಡೀರಿ."

ಹುಡುಗಿಯ ಕಾಲಿಗೆ ತಕ್ಕಂತೆ ನಾವು ನಾಲ್ವರೂ ನಿಧಾನವಾಗಿ ನಡೆದೆವು.  ನರ್ಸಮ್ಮ ಅಲ್ಲಿ ಹೋಗಿ ಏನನ್ನುತ್ತಾರೋ ಎಂದು ನನಗೆ ಭಯ. ನಮ್ಮ ಮನೆಯ ಬಾಗಿಲನ್ನು ನರ್ಸಮ್ಮನೇ ತಟ್ಟಿದರು.

ಅಣ್ಣ ಚಿಲಕ ತೆಗೆಯುತ್ತಲೇ, ಮುಖ ಕೂಡ ನೋಡದೆ ಕೇಳಿದ: "ಇಳೀತಾ?"

"ಇಳೀತು," ಎಂದರು ನರ್ಸಮ್ಮ. "ಲೋಟ ತಗೊಂಡ್ಬನ್ನಿ."

ಅಣ್ಣ ಬಾಗಿಲು ಹಿಡಿದುಕೊಂಡು ನಿಂತೇ ಬಿಟ್ಟ. ಲೋಟ ತರಲು ಒಳಗೆ ಹೋದವನು ಎಷ್ಟು ಹೊತ್ತಾದರೂ ಬರಲಿಲ್ಲ. ನರ್ಸಮ್ಮ ಮಗಳನ್ನು ಕೂರಿಸಿ, ತಾವೂ ಕುರ್ಚಿ ಎಳೆದುಕೊಂಡು ಕಾಯುತ್ತಾ ಕೂತರು. ಆಸ್ಪತ್ರೆಯಲ್ಲೂ ಪೊಲೀಸ್ ಠಾಣೆಯಲ್ಲೂ ಒಂದು ಹನಿ ಕಣ್ಣೀರು ಹಾಕದ ನನ್ನ ಅತ್ತಿಗೆ ಹೊಸ್ತಿಲ ಮೇಲೆ ಕುಸಿದು ಕೂತು, ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತರು.