ಡಾಕ್ಟರ ಕುರ್ಚಿಗೆ ಮುಯ್ಯಾಳು

ನಮ್ಮ ಬೆಳವಣಕಿಯ ಜನ ಹೋದ ವರ್ಷ ಸುತ್ತಲಿನ ಹಳ್ಳಿಗಳಲ್ಲೆಲ್ಲ ಒಂದು ಮಾತು ಹಬ್ಬಿಸಿದ್ದರು. ಡಾಕ್ಟರ ಗುಲ್ಷನಬಾಯಿಯವರು ಎದೆಯ ಮೇಲೆ ಸ್ಟೆತಸ್ಕೋಪ್ ಇಟ್ಟರೆಂದರೆ ಕಣ್ಣು ಮುಚ್ಚಿ, ಮಿಸುಕಾಡದೆ, ಬಹಳ ಹೊತ್ತು ಕೇಳುತ್ತಾರೆ. ಅಷ್ಟು ಲಕ್ಷ್ಯ ಕೊಟ್ಟು ನೋಡುವವರು ಪಟ್ಟಣದಲ್ಲೂ ಸಿಗುವುದಿಲ್ಲ, ಎಂದು. ಹೆಂಡತಿಯ ಒಂದು ಮಾತನ್ನೂ ಪೂರ್ತಿ ಕೇಳದ ಗಂಡಸರು ನನ್ನ ಅಂಗಡಿಯ ಕಟ್ಟೆಯ ಮೇಲೆ ಕೂತು ಈ ಕೇಳುವ ಗುಣವನ್ನು ಬಾಯ್ತುಂಬ ಹೊಗಳುತ್ತಿದ್ದರು. ನಾನೂ ತಲೆಯಾಡಿಸುತ್ತಿದ್ದೆ. ಬಾಯಿಯವರು ಕೇಳುತ್ತಿರಲಿಲ್ಲ, ದಣಿವಿಗೆ ಕೂತಲ್ಲೇ ಅವರಿಗೆ ನಿದ್ದೆ ಹತ್ತುತ್ತಿತ್ತು ಎಂಬುದು ಯಾರಿಗೂ ಹೊಳೆದಿರಲಿಲ್ಲ.

ನನ್ನ ಔಷಧದ ಅಂಗಡಿಗೂ ಅವರ ದವಾಖಾನೆಗೂ ನಡುವೆ ಒಂದೇ ಗೋಡೆ. ಅಮರೇಶ ಸಿಡುಕ, ಮುಖದ ಮೇಲೆ ಹೊಡೆದ ಹಾಗೆ ಮಾತಾಡುತ್ತಾನೆ ಎಂದು ಊರಲ್ಲಿ ನನಗೆ ಹೆಸರಿದೆ. ಇರಲಿ. ಗೋಡೆಯ ಆಚೆ ಅಂಥ ಒಬ್ಬರು ಎಲ್ಲರಿಗೂ ಹೌದು ಹೌದು ಎನ್ನುತ್ತ ಸವೆಯುವುದನ್ನು ನೋಡಿದರೆ ಯಾರಿಗಾದರೂ ಸಿಡುಕು ಬರಬೇಕು.

ಗುಲ್ಷನಬಾಯಿಯವರು ಗಜೇಂದ್ರಗಡದವರು, ನೇಕಾರ ಮುರ್ತುಜಾಸಾಬರ ಮಗಳು. ಹುಬ್ಬಳ್ಳಿಯಲ್ಲಿ ಡಾಕ್ಟರಿಕೆ ಓದಿದರು, ರೋಣದ ಹೈಸ್ಕೂಲ್ ಮಾಸ್ತರ ಅಲ್ತಾಫರನ್ನು ಮದುವೆಯಾದರು, ನಮ್ಮೂರಿನ ಬಸ್‌ಸ್ಟ್ಯಾಂಡಿನ ಹತ್ತಿರ ಬಾಡಿಗೆ ಕೋಣೆಯಲ್ಲಿ ಕೂತರು. ಕೂತವರು ಮತ್ತೆ ಏಳಲಿಲ್ಲ ಅನ್ನಬೇಕು. ಕೂಸಿನ ಜ್ವರ, ಮುದುಕರ ಬಿ.ಪಿ., ಚೇಳು ಕಡಿತ, ಅತ್ತೆ ಸೊಸೆಯ ಜಗಳ ಎಲ್ಲ ಅವರ ಬಾಗಿಲಿಗೇ. ಅವರ ಕೈಗುಣ ಚಲೋ ಎಂದು ಹೆಸರಾಯಿತು. ಊಟಕ್ಕೆ ಕೂತರೆ ಕಿಟಕಿಯಲ್ಲಿ ಒಂದು ಮುಖ. ರಮಜಾನ್ ಹಬ್ಬದ ದಿನ ಸುರಕುಂಬಾ ಪಾಯಸದ ಬಟ್ಟಲು ಕೆಳಗಿಟ್ಟು ಇಂಜೆಕ್ಷನ್ ಹಿಡಿದದ್ದನ್ನು ನಾನೇ ನೋಡಿದ್ದೇನೆ. ಜನ ಪ್ರೀತಿ ಇಲ್ಲದವರಲ್ಲ. ಹಸಿ ಕಡಲೆಗಿಡ, ಸಜ್ಜೆ ರೊಟ್ಟಿ, ಹೊಸ ಬೆಲ್ಲ, ಹೊಲದಲ್ಲಿ ಮೊದಲು ಬಂದದ್ದೆಲ್ಲ ಬಾಯಿಯವರಿಗೆ. ಅಷ್ಟು ಕೊಟ್ಟ ಮೇಲೆ ಹೊತ್ತಲ್ಲದ ಹೊತ್ತಿನಲ್ಲಿ ಬಾಗಿಲು ಬಡಿಯಲು ಯಾರ ಅಪ್ಪಣೆ ಬೇಕು?

ಮುಂಗಾರಿನಲ್ಲಿ ಹೆಸರು ಬಿತ್ತುವ ಹೊತ್ತಿಗೆ ಗುರುಸಂಗಪ್ಪನವರು ಬಂದರು. ನಮ್ಮೂರ ದೊಡ್ಡ ಒಕ್ಕಲುತನದ ಮನೆಯವರು, ದನಿಯೂ ದೊಡ್ಡದು. ನಡೆದರೆ ಎದೆ ಬಿಗಿಯುತ್ತದೆ ಎಂದರು. ಬಾಯಿಯವರು ಎದೆಯ ಮೇಲೆ ಸ್ಟೆತಸ್ಕೋಪ್ ಇಟ್ಟು ಕಣ್ಣು ಮುಚ್ಚಿದರು. ಗುರುಸಂಗಪ್ಪನವರ ಹೆಂಡತಿ ಚನ್ನವ್ವ ದೇವರ ಮುಂದೆ ನಿಂತ ಹಾಗೆ ಕೈಮುಗಿದು ನಿಂತಿದ್ದಳಂತೆ. ಕೈ ಜಾರಿದಾಗ ಬಾಯಿಯವರಿಗೆ ಎಚ್ಚರವಾಯಿತು. ಏನು ಕೇಳಿದೆ ಎಂದು ನೆನೆದರೆ ಏನೂ ಇಲ್ಲ.

ಮರುದಿನವೇ ಅವರನ್ನು ಮತ್ತೆ ಕರೆಸಿ ನೋಡಿದರು. ಇಲ್ಲಿ ಇ.ಸಿ.ಜಿ. ಯಂತ್ರವಿರಲಿಲ್ಲ, ಇವತ್ತೇ ರೋಣಕ್ಕೆ ಹೋಗಿ ಮಾಡಿಸಿರಿ ಎಂದು ಬಿಡಿಸಿ ಹೇಳಿದರು. ಗುರುಸಂಗಪ್ಪನವರು ಬಿತ್ತನೆ ಮುಗಿಯಲಿ ಎಂದರು. ಬಿತ್ತನೆ ಮುಗಿದ ಮೇಲೆ ಕಳೆ ತೆಗೆಯಲು ಎಡೆ ಹೊಡೆಯುವುದು, ಆಮೇಲೆ ಹೆಸರು ಬಿಡಿಸುವುದು. ಬಾಯಿಯವರು ಎಷ್ಟು ಸಲ ಹೇಳಿ ಕಳಿಸಿದರೂ ಆಸಾಮಿ ಹೋಗಲಿಲ್ಲ. ಬಾಯಿಯವರು ಅಷ್ಟು ಹೊತ್ತು ಕೇಳಿ ಬಿಟ್ಟಿದ್ದಾರೆಂದರೆ ಎದೆಯಲ್ಲಿ ಏನೂ ಇಲ್ಲ ಎಂದು ಅವರು ತಮಗೆ ತಾವೇ ಸರ್ಟಿಫಿಕೇಟ್ ಕೊಟ್ಟುಕೊಂಡಿದ್ದರು.

ನಿದ್ದೆ ಹತ್ತಿದ ಆ ದಿನ ಸಂಜೆಯೇ ಬಾಯಿಯವರು ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತು ಎಲ್ಲ ಹೇಳಿದರು. "ಅಮರೇಶಣ್ಣಾ, ಹಿಂಗಾದ್ರ ಒಂದಿನ ನನ್ನ ಕೈಯಾಗ ಯಾರರ ಸಾಯ್ತಾರ. ಇಲ್ಲಾ ನಾ ಸಾಯ್ತೀನಿ." ದವಾಖಾನೆ ಮುಚ್ಚಿ ಗಂಡನ ಜೊತೆ ರೋಣದಲ್ಲೇ ಇದ್ದುಬಿಡುವ ವಿಚಾರವೂ ಇತ್ತು. ನನಗೆ ಹೆದರಿಕೆಯಾಯಿತು, ಅದನ್ನು ಮುಚ್ಚಿಕೊಳ್ಳಲಿಕ್ಕೆ ಚಹಾ ತರಿಸಿದೆ.

ರೋಣದಲ್ಲಿ ಡಾಕ್ಟರ ಮೈಲಾರಿ ಎಂಬ ಹಿರಿಯರಿದ್ದಾರೆ. ರೋಣ, ನರಗುಂದ, ಗಜೇಂದ್ರಗಡ ಕಡೆಯ ಸಣ್ಣ ದವಾಖಾನೆಗಳ ಡಾಕ್ಟರರನ್ನು ಅವರು ತಿಂಗಳಿಗೊಮ್ಮೆ ತಮ್ಮ ಪಡಸಾಲೆಯಲ್ಲಿ ಕೂಡಿಸುತ್ತಾರೆ. ಅಲ್ಲಿ ರೋಗಿಗಳ ಮಾತು ಆಮೇಲೆ. ಮೊದಲು ಒಬ್ಬ ಡಾಕ್ಟರ ಇನ್ನೊಬ್ಬರ ಬಿ.ಪಿ. ನೋಡಬೇಕು, ನಿದ್ದೆ ಹೇಗಿದೆ ಎಂದು ಕೇಳಬೇಕು, ಕೇಳಿದವರಿಗೆ ಸುಳ್ಳು ಹೇಳುವಂತಿಲ್ಲ. ಗುಲ್ಷನಬಾಯಿಯವರು ಪುರುಸೊತ್ತಿಲ್ಲವೆಂದು ಹೆಚ್ಚು ಹೋಗುತ್ತಿರಲಿಲ್ಲ. ಆ ತಿಂಗಳು ಹೋದರು, ಕೇಳಿದಾಗ ಅತ್ತುಬಿಟ್ಟರು.

ಮೈಲಾರಿಯವರು ಒಕ್ಕಲುತನದ ಮನೆಯವರು, ಒಕ್ಕಲುತನದ ಉಪಾಯವನ್ನೇ ಹೇಳಿದರು. ಹೊಲದ ಕೆಲಸಕ್ಕೆ ಮುಯ್ಯಾಳಿನ ರೂಢಿ ಇದ್ದೇ ಇದೆ. ಇವತ್ತು ನಾನು ನಿನ್ನ ಹೊಲಕ್ಕೆ, ನಾಳೆ ನೀನು ನನ್ನ ಹೊಲಕ್ಕೆ. ಡಾಕ್ಟರರು ಯಾಕೆ ಹಾಗೆ ಮಾಡಬಾರದು? ಹುಬ್ಬಳ್ಳಿಯಲ್ಲಿ ಕುಟುಂಬ ವೈದ್ಯರಿಗೆಂದೇ ಒಂದು ತರಬೇತಿ ಇತ್ತು. ಎರಡು ವಾರ ಅಲ್ಲೇ ಇದ್ದು ಕಲಿಯಬೇಕು, ಕೊನೆಗೆ ಪರೀಕ್ಷೆ. ಪಾಸಾದರೆ ಬಾಯಿಯವರಿಗೆ ಹೊಸ ವಿದ್ಯೆ, ಜೊತೆಗೆ ಮೈಲಾರಿಯವರ ದವಾಖಾನೆಯಲ್ಲಿ ಹೊಸ ಡಾಕ್ಟರರಿಗೆ ಕಲಿಸುವ ಕೆಲಸ. ಬಾಯಿಯವರ ಬಹಳ ದಿನದ ಆಸೆ ಅದು. ಹಿಂದೊಮ್ಮೆ ಹೋದವರು ಊರಿನ ಫೋನಿಗೆ ಹೆದರಿ ಅರ್ಧಕ್ಕೇ ಓಡಿ ಬಂದಿದ್ದರು. ಬಂದು ನೋಡಿದರೆ ರೋಗಿಗೆ ನೆಗಡಿ. ಈ ಸಲವೂ ಬಿಟ್ಟು ಬಂದರೆ ಮತ್ತೆ ತೆಗೆದುಕೊಳ್ಳುವುದಿಲ್ಲ ಎಂದು ಹುಬ್ಬಳ್ಳಿಯವರು ಹೇಳಿದ್ದರು. ಕೊಣ್ಣೂರಿನಲ್ಲಿ ದವಾಖಾನೆ ಇಟ್ಟಿದ್ದ ಡಾಕ್ಟರ ಪೂಜಾ ಎಂಬ ಹುಡುಗಿ ಬಾಯಿಯವರ ಕುರ್ಚಿಗೆ ಮುಯ್ಯಾಳಾಗಿ ಬರಲು ಒಪ್ಪಿದಳು.

ಸುದ್ದಿ ಊರಿಗೆ ಬಿದ್ದದ್ದೇ ತಡ, ಬಾಯಿಗೊಂದು ಮಾತು. ಇನ್ನೂ ಕಲಿಯಲು ಹೋಗುತ್ತಾರೆಂದರೆ ಇಷ್ಟು ದಿನ ಕಲಿಯದೆಯೇ ನಮಗೆ ಸೂಜಿ ಚುಚ್ಚಿದರೇನು ಎಂದು ಕೆಲವರು. ಬಾಯಿಯವರಿಗೇ ಏನೋ ಜಡ್ಡು, ಡಾಕ್ಟರರಿಗೇ ಜಡ್ಡಾದರೆ ಕೈಗುಣ ಹೋದಂತೆಯೇ ಎಂದು ಕೆಲವರು. ನಾನು ಮುಯ್ಯಾಳಿನ ಸಂಗತಿ ಬಿಡಿಸಿ ಹೇಳಿದೆ. ಗುರುಸಂಗಪ್ಪನವರು ಮೀಸೆಯಡಿ ನಕ್ಕರು. "ಎಡಿ ಹೊಡಿಯಾಕ ಮುಯ್ಯಾಳ ನಡೀತೈತಿ ಅಮರೇಶ. ನಾಡಿ ಹಿಡಿಯಾಕ ನಡಿಯೂದಿಲ್ಲ." ಕಟ್ಟೆಯ ಮೇಲಿದ್ದವರೆಲ್ಲ ಹೌದೌದು ಎಂದರು. ನನ್ನ ಮೈ ಉರಿಯಿತು.

ಹೊರಡುವ ದಿನ ಬಾಯಿಯವರು ಅಂಗಡಿಗೆ ಬಂದು ಒಂದೇ ಮಾತು ಕೇಳಿಕೊಂಡರು. ಯಾರೂ ತನಗೆ ಫೋನ್ ಮಾಡದ ಹಾಗೆ ನೋಡಿಕೊಳ್ಳಬೇಕು. ಫೋನ್ ಬಂದರೆ ಓಡಿ ಬಂದೇ ಬರುತ್ತೇನೆ, ನನ್ನ ಮೇಲೆ ನನಗೇ ಭರವಸೆಯಿಲ್ಲ, ಎಂದರು. ನಾನು ಮಾತು ಕೊಟ್ಟೆ.

ಪೂಜಾ ಬಾಯಿ ತನ್ನ ಸಣ್ಣ ಇ.ಸಿ.ಜಿ. ಯಂತ್ರವನ್ನು ಹೆಗಲಿಗೆ ಹಾಕಿಕೊಂಡು ದಿನಾ ಹೊತ್ತಿಗೆ ಸರಿಯಾಗಿ ಬರುತ್ತಿದ್ದಳು. ಜನ ಬಾಗಿಲಿಗೆ ಬಂದು ಇಣುಕಿ, ಕುರ್ಚಿಯ ಮೇಲೆ ಬೇರೆ ಮುಖ ನೋಡಿ, ಬಂದ ದಾರಿಗೆ ಸುಂಕವಿಲ್ಲ ಎಂಬಂತೆ ತಿರುಗಿ ಹೋಗುತ್ತಿದ್ದರು. ಕೆಮ್ಮು, ಹೊಟ್ಟೆನೋವು, ಹುಣ್ಣು ಎಲ್ಲವನ್ನೂ ಬಾಯಿಯವರು ಬರುವತನಕ ಕಾಯ್ದಿಟ್ಟುಕೊಂಡರು. ಅದನ್ನೇ ನಿಷ್ಠೆ ಅಂದುಕೊಂಡಿದ್ದರು. ಆ ಹುಡುಗಿ ಖಾಲಿ ಬೆಂಚು ನೋಡುತ್ತ ಕೂತಿರುತ್ತಿದ್ದಳು. ಅವಳ ಮುಖ ನೋಡಿ ನನಗೆ ನಾಚಿಕೆಯಾಗುತ್ತಿತ್ತು.

ಪರೀಕ್ಷೆಯ ದಿನ ಬೆಳಗ್ಗೆ ಗುರುಸಂಗಪ್ಪನವರು ಹೆಂಡತಿಯ ಭುಜ ಹಿಡಿದು ನನ್ನ ಕಟ್ಟೆಗೆ ಬಂದು ಕೂತರು. ಅಂಗಿ ಬೆವರಿಗೆ ತೊಯ್ದಿತ್ತು. ಎಡಗೈಯನ್ನು ಬಲಗೈಯಿಂದ ತಿಕ್ಕುತ್ತಿದ್ದರು. ಹೊಲದಿಂದ ನೇರ ಬಂದಿದ್ದರು. ಗ್ಯಾಸ್ ಆಗಿದೆ, ಒಂದು ಗುಳಿಗೆ ಕೊಡು ಎಂದರು, ಆ ದೊಡ್ಡ ದನಿ ಎಲ್ಲೋ ಒಳಗೆ ಹೋಗಿತ್ತು. ಇದು ಗ್ಯಾಸ್ ಅಲ್ಲ, ಗೋಡೆಯ ಆಚೆ ಡಾಕ್ಟರ ಕೂತಿದ್ದಾರೆ, ಏಳಿರಿ ಎಂದೆ. ತಲೆ ಅಲ್ಲಾಡಿಸಿದರು. ಬಾಯಿಯವರು ಸೋಮವಾರ ಬರುತ್ತಾರಲ್ಲ, ಅಲ್ಲಿಯತನಕ ತಡೆಯುತ್ತದೆ ಎಂದರು. ಅಷ್ಟರಲ್ಲಿ ಪೂಜಾ ಬಾಯಿ ತಾನೇ ಹೊರಗೆ ಬಂದು ಮಣಿಕಟ್ಟಿಗೆ ಕೈ ಹಾಕಿದರೆ ಕೈ ಕೊಸರಿಕೊಂಡರು. ಕೊಸರಿಕೊಂಡ ರಭಸಕ್ಕೇ ಅವರಿಗೆ ಉಸಿರು ಸಿಕ್ಕಿಕೊಂಡಿತು.

ಚನ್ನವ್ವ ಸೆರಗಿನ ಮರೆಯಲ್ಲಿ ಫೋನ್ ಹಚ್ಚಿಬಿಟ್ಟಿದ್ದಳು. ನಾನು ಬೇಡ ಎನ್ನುವಷ್ಟರಲ್ಲಿ ಗುಲ್ಷನಬಾಯಿಯವರ ದನಿ ಕೇಳಿಸಿತು. ಪರೀಕ್ಷೆಯ ಕೋಣೆಯ ಬಾಗಿಲಲ್ಲಿ ನಿಂತಿದ್ದರಂತೆ, ಫೋನ್ ಆರಿಸಿ ಒಳಗೆ ಹೋಗಬೇಕು ಅನ್ನುವಾಗ. ಚನ್ನವ್ವ, ಇವರಿಗೆ ಎದೆ ಹಿಡಿದುಕೊಂಡಿದೆ, ನೀವು ಬಂದರೇ ಉಳಿಯುವುದು ಎಂದಳು. ಒಂದು ಉಸಿರು ತಡೆಯಲಿಲ್ಲ ಬಾಯಿಯವರು.

"ಬಂದೆ ಚನ್ನವ್ವಾ. ಈಗ ಹೊಂಟೆ."

ಗುರುಸಂಗಪ್ಪನವರು ನೀಲಿಗಟ್ಟಿದ ತುಟಿಯಲ್ಲೇ ನಕ್ಕರು, ಕಂಬಕ್ಕೆ ಬೆನ್ನು ಕೊಟ್ಟು ಕಣ್ಣು ಮುಚ್ಚಿದರು. ಇನ್ನು ಕಾಯುವುದೊಂದೇ ಕೆಲಸ ಎಂಬ ಹಾಗೆ. ಹುಬ್ಬಳ್ಳಿಯಿಂದ ಹೇಗೆ ಓಡಿಸಿದರೂ ಎರಡು ತಾಸಿನ ದಾರಿ. ಪೂಜಾ ಬಾಯಿ ನನ್ನ ಕಡೆ ನೋಡಿದಳು, ಅಷ್ಟು ಹೊತ್ತು ಇವರು ಉಳಿಯುವುದಿಲ್ಲ ಎಂಬುದು ಆ ನೋಟದಲ್ಲೇ ಇತ್ತು. ನಾನು ಚನ್ನವ್ವನ ಕೈಯಿಂದ ಫೋನ್ ಕಸಿದುಕೊಂಡೆ.

"ಬಾಯಾರ, ನೀವು ಬರ್ತೀರಿ ಅಂತ ಇವರು ಇಲ್ಲೇ ಕುಂತ್ರು. ಪೂಜಾ ಬಾಯಾರಿಗೆ ಕೈ ಮುಟ್ಟಗೊಡವಲ್ರು. ನೀವು ಬರೂದ್ರಾಗ ಮುಗೀತೈತ್ರಿ."

ಆ ಕಡೆ ಯಾರೋ ಅವರನ್ನು ಒಳಗೆ ಕರೆಯುವುದು ಕೇಳಿಸಿತು. ಆಮೇಲೆ ಸ್ಪೀಕರ್ ಹಚ್ಚಿ ಫೋನನ್ನು ಗುರುಸಂಗಪ್ಪನವರ ಮುಂದೆ ಹಿಡಿ ಎಂದರು. ಬೆಳಗಿನ ಬಸ್ಸಿಗೆ ನಿಂತ ಜನ ಅಷ್ಟರಲ್ಲಿ ಕಟ್ಟೆಯ ಸುತ್ತ ಕೂಡಿದ್ದರು.

"ಗುರುಸಂಗಪ್ಪನವರ, ಬಿತ್ತೋ ಮುಂದ ನಿಮ್ಮ ಎದಿ ಭಾಳ ಹೊತ್ತು ಕೇಳಿದೆ ಅಂತ ಊರತುಂಬ ಹೇಳೀರಿ. ಖರೇ ಹೇಳ್ತೀನಿ. ಅವತ್ತು ನಾ ಏನೂ ಕೇಳಿಲ್ಲ. ನಿಮ್ಮ ಎದಿ ಮ್ಯಾಲೆ ಕೈ ಇಟಗೊಂಡು ನಿದ್ದಿ ಮಾಡಿದ್ದೆ."

ಚನ್ನವ್ವ ಬಾಯಿಗೆ ಸೆರಗು ಒತ್ತಿಕೊಂಡಳು.

"ನನ್ನ ಕೈಗುಣ ಅಂದ್ರ ಇಷ್ಟ ರೀ. ನಿಮ್ಮ ಮುಂದ ನಿಂತಾಕಿ ಎಚ್ಚರ ಅದಾಳ. ಏಳ್ರಿ, ಆಕಿ ಕೈಗೆ ಕೈ ಕೊಡ್ರಿ. ನಾ ಬರೂದಿಲ್ಲ."

ಫೋನ್ ಕಟ್ಟಾಯಿತು. ಗುರುಸಂಗಪ್ಪನವರು ಕಣ್ಣು ತೆರೆದರು. ಆ ಮುಖದಲ್ಲಿ ಸಿಟ್ಟಿತ್ತೋ ಹೆದರಿಕೆಯಿತ್ತೋ ನನಗೆ ಇವತ್ತಿಗೂ ತಿಳಿದಿಲ್ಲ. ಪೂಜಾ ಬಾಯಿಯ ಕಡೆ ಕೈ ಚಾಚಿದರು.

ಆಮೇಲಿನದೆಲ್ಲ ಬೇಗ ಆಯಿತು. ಆ ಹುಡುಗಿ ಯಂತ್ರ ಹಚ್ಚಿ ಪಟ್ಟಿ ನೋಡಿದಳು, ಗುಳಿಗೆ ಅಗಿಯಲು ಕೊಟ್ಟಳು, ಆಂಬ್ಯುಲೆನ್ಸಿಗೆ ಹೇಳಿದಳು, ಗದಗಿನ ಆಸ್ಪತ್ರೆಗೆ ಪಟ್ಟಿಯ ಫೋಟೋ ಕಳಿಸಿದಳು. ಗಾಡಿ ಬರುವತನಕ ಅವರ ಕೈ ಬಿಡಲಿಲ್ಲ, ಗಾಡಿಯಲ್ಲೂ ಜೊತೆಗೇ ಕೂತು ಹೋದಳು. ನಾನು ಎರಡೂ ಬಾಗಿಲಿಗೆ ಬೀಗ ಹಾಕಿ ಕಟ್ಟೆಯ ಮೇಲೆ ಕೂತೆ. ಅವತ್ತು ಯಾರೊಡನೆಯೂ ಜಗಳವಾಡುವ ಶಕ್ತಿಯಿರಲಿಲ್ಲ.

ಮಧ್ಯಾಹ್ನ ಇಳಿಹೊತ್ತಿಗೆ ಬಾಯಿಯವರ ಫೋನ್ ಬಂತು. ಪರೀಕ್ಷೆ ಬರೆದು ಹೊರಗೆ ಬಂದಿದ್ದರು. ಹೆಸರು ಹೇಳಲಿಲ್ಲ, ಹೇಗಿದ್ದೀ ಎನ್ನಲಿಲ್ಲ.

"ಅದಾರನು?"

"ಅದಾರ್ರೀ ಬಾಯಾರ. ರಗತದ ನಾಳ ಬಿಡಿಸ್ಯಾರಂತ. ಪೂಜಾ ಬಾಯಾರು ಇನ್ನೂ ಅಲ್ಲೇ ಅದಾರ."

ಅವರು ಅಳುವುದು ಕೇಳಿಸಿತು. ನನಗೂ ತಡೆಯಲಾಗಲಿಲ್ಲ. ಸಿಡುಕ ಅಮರೇಶ ಬಸ್‌ಸ್ಟ್ಯಾಂಡಿನಲ್ಲಿ ಅಳುತ್ತಾನೆ ಎಂದು ಯಾರಾದರೂ ಅಂದಿದ್ದರೆ ಅನ್ನಲಿ.

ಸೋಮವಾರ ಬಾಯಿಯವರು ಬಂದು ಬಾಗಿಲು ತೆಗೆದರು. ಬೆಂಚಿಗೆ ಯಾರೂ ಬರಲಿಲ್ಲ. ನಮ್ಮ ಎದೆಯ ಮೇಲೂ ಮಲಗಿದ್ದರೇನೋ ಎಂದು ಊರು ಲೆಕ್ಕ ಹಾಕುತ್ತಿತ್ತು. ಊಟದ ಹೊತ್ತಿಗೆ, ಹೊತ್ತಲ್ಲದ ಹೊತ್ತಿಗೆ ಬಾಗಿಲು ಬಡಿದ ಕೈಗಳೇ ಈಗ ನಮಸ್ಕಾರಕ್ಕೂ ಏಳುತ್ತಿರಲಿಲ್ಲ. ಇಂಥ ಜನಕ್ಕಾಗಿ ಸವೆದಿರಲ್ಲ ಎಂದು ನಾನು ಸಿಟ್ಟಿನಿಂದ ಅಂದೆ. ಬಾಯಿಯವರು, ಹೆದರಿದ್ದಾರೆ, ಹೆದರುವುದೇ ಸರಿ ಎಂದರು. ಬುಧವಾರ ದವಾಖಾನೆ ಮುಚ್ಚಿ ಕೊಣ್ಣೂರಿಗೆ ಹೋಗಿ ಪೂಜಾ ಬಾಯಿಯ ಕುರ್ಚಿಯಲ್ಲಿ ಕೂತು ಬಂದರು. ಮುಯ್ಯಿ ತೀರಿಸಬೇಕಲ್ಲ. ಆ ದಿನ ಮಲಪ್ರಭೆ ಏರಿತ್ತು, ಸೇತುವೆ ಮುಳುಗುವ ಮೊದಲೇ ಹೊರಟು ಬನ್ನಿ ಎಂದು ನಾನು ಫೋನಿನಲ್ಲೇ ಗದರಬೇಕಾಯಿತು. ಪರೀಕ್ಷೆ ಪಾಸಾದ ಸುದ್ದಿ ಬಂದಾಗಲೂ ಬೆಂಚು ಖಾಲಿಯೇ. ಪೇಡೆ ತಿಂದವರು ಅವರೂ ನಾನೂ ಇಬ್ಬರೇ.

ಗುರುಸಂಗಪ್ಪನವರು ಗದಗಿನಿಂದ ಬಂದು ಕೆಲವು ದಿನ ಮನೆಯಲ್ಲೇ ಇದ್ದರು. ಒಂದು ಬೆಳಗ್ಗೆ ಸಾವಕಾಶ ನಡೆಯುತ್ತ ಬಸ್‌ಸ್ಟ್ಯಾಂಡಿಗೆ ಬಂದರು, ಹಿಂದೆ ಚನ್ನವ್ವ. ಅವರು ಯಾರ ಕಡೆಯೂ ನೋಡದೆ ದವಾಖಾನೆಯೊಳಗೆ ಹೋಗಿ ಸ್ಟೂಲಿನ ಮೇಲೆ ಕೂತರು. ಜನ ಒಬ್ಬರ ಹಿಂದೊಬ್ಬರು ಬಾಗಿಲಿಗೆ ಬಂದು ನಿಂತರು, ನಾನೂ ನಿಂತೆ. ಬಾಯಿಯವರು ಸ್ಟೆತಸ್ಕೋಪ್ ಕಿವಿಗೆ ಹಾಕಿಕೊಂಡರು. ಗುರುಸಂಗಪ್ಪನವರು ಅಂಗಿಯ ಗುಂಡಿಗೆ ಕೈ ಹಾಕಿದವರು ತಡೆದರು.

"ರಾತ್ರಿ ನಿದ್ದಿ ಆತೇನ್ರಿ ಬಾಯಾರ?"

ಬಾಯಿಯವರು "ಆಗೇತ್ರಿ" ಎಂದರು.

ಗುರುಸಂಗಪ್ಪನವರು ಗುಂಡಿ ಬಿಚ್ಚಿದರು. ಬಾಯಿಯವರು ಎದೆಯ ಮೇಲೆ ಸ್ಟೆತಸ್ಕೋಪ್ ಇಟ್ಟು, ಕಣ್ಣು ತೆರೆದುಕೊಂಡೇ ಕೇಳಿದರು. ಬಾಗಿಲಲ್ಲಿ ನಿಂತಿದ್ದ ಒಬ್ಬಳು ಮುದುಕಿ ಕೂಸನ್ನು ಕಂಕುಳಿಗೆ ಏರಿಸಿಕೊಂಡು ಒಳಗೆ ಹೋಗಿ ಬೆಂಚಿನ ಮೇಲೆ ಕೂತಳು.