ಕೆಂಪಜ್ಜಿಯ ಮನೆಗೆ ಹೋದ ಕುರ್ಚಿ

ನಮ್ಮ ಮನೆಯಲ್ಲೊಂದು ನೀಲಿ ಪ್ಲಾಸ್ಟಿಕ್ ಕುರ್ಚಿ ಇದೆ ಎಂದು ಬರೆದೊಡನೆ ನನ್ನೊಳಗಿನ ಚರ್ಚಾಪಟು ಎದ್ದು ನಿಂತು ಆಕ್ಷೇಪಿಸುತ್ತಾಳೆ: ಇದೆ ಎಂಬುದು ನಿಜ, ಮನೆಯಲ್ಲಿ ಎಂಬುದು ಸುಳ್ಳು. ಕೈಲಾಂಚದ ಸುತ್ತಿನ ನಮ್ಮ ಹಳ್ಳಿಗಳಲ್ಲಿ ಕುರ್ಚಿಗಳು ಹುಟ್ಟು ಸಂಚಾರಿಗಳು. ಯಾರದೋ ಮನೆಗೆ ಹೆಣ್ಣು ನೋಡಲು ಬಂದರೆ ಬೀದಿಯ ಕುರ್ಚಿಗಳೆಲ್ಲ ಎದ್ದು ಅತ್ತ ನಡೆಯುತ್ತವೆ, ಅವುಗಳ ಹಿಂದೆಯೇ ಲೋಟ, ತಟ್ಟೆ, ಟೇಬಲ್ ಫ್ಯಾನುಗಳ ಮೆರವಣಿಗೆ ಹೊರಡುತ್ತದೆ. ಹೋದವು ದಾರಿ ತಪ್ಪದಿರಲೆಂದು ಪಾತ್ರೆಗಳಿಗೆ ಹೆಸರು ಹಾಕಿಸುತ್ತೇವೆ. ಅಪ್ಪನಂತೂ ಕುರ್ಚಿಯ ಬೆನ್ನಿಗೇ ಕೆಂಪು ಬಣ್ಣದಲ್ಲಿ ‘ಚಿ.ಮ.’ ಎಂದು ತನ್ನ ಹೆಸರಿನ ಮೊದಲಕ್ಷರಗಳನ್ನು ಬರೆದಿಟ್ಟಿದ್ದಾನೆ. ಈ ಎರಡಕ್ಷರಗಳ ಮಹಿಮೆಯನ್ನು ಹೇಳಬೇಕೆಂದರೆ ಮೊದಲು ನನ್ನ ಅವಮಾನದ ಕಥೆಯನ್ನು ಹೇಳಬೇಕು.

ನಾನು ಜಗಳವನ್ನು ಶಾಸ್ತ್ರೋಕ್ತವಾಗಿ ಕಲಿತವಳು. ಕಾಲೇಜಿನ ದಿನಗಳಲ್ಲಿ ಕನಕಪುರದ ಚರ್ಚಾಸ್ಪರ್ಧೆಯೊಂದರಲ್ಲಿ ‘ಸರ್ಕಾರದ ಮಾಸಾಶನ ಬದುಕಲು ಸಾಕು’ ಎಂಬ ವಿಷಯ ಕೊಟ್ಟಿದ್ದರು. ಚೀಟಿ ಎತ್ತಿದಾಗ ನನ್ನ ಪಾಲಿಗೆ ಬಂದದ್ದು ‘ಪರ’. ಪರವಾದರೇನು, ವಿರೋಧವಾದರೇನು, ಈಜು ಬಲ್ಲವಳಿಗೆ ಯಾವ ದಡವಾದರೇನು! ಎದುರು ಮನೆಯ ಕೆಂಪಜ್ಜಿಯನ್ನೇ ಉದಾಹರಣೆಯಾಗಿ ವೇದಿಕೆಗೆ ಎಳೆತಂದೆ. ಗಂಡನಿಲ್ಲ, ಮಕ್ಕಳಿಲ್ಲ, ಜಮೀನಿಲ್ಲ. ತಿಂಗಳಿಗೆ ಸಾವಿರದ ಇನ್ನೂರು ರೂಪಾಯಿ ಪಿಂಚಣಿ, ಜೊತೆಗೆ ಪಡಿತರದ ಅಕ್ಕಿ. ಆದರೂ ಆಕೆ ಯಾರ ಮುಂದೆಯೂ ಕೈಯೊಡ್ಡಿದ್ದನ್ನು ಕಂಡವರಿಲ್ಲ, ‘ಹೆಂಗಿದ್ದೀಯಜ್ಜಿ?’ ಎಂದರೆ ‘ನಂಗೇನ್ ಕಮ್ಮಿ?’ ಎಂದೇ ಉತ್ತರ. ಮಹನೀಯರೇ, ಇನ್ನೇನು ಸಾಕ್ಷ್ಯ ಬೇಕು ಎಂದು ನಾನು ಮೇಜು ಗುದ್ದಿದೆ. ಚಪ್ಪಾಳೆ ಬಿತ್ತು, ಬೆಳ್ಳಿಯಂತೆ ಹೊಳೆಯುವ, ಎರಡು ಕಿವಿಯ ದೊಡ್ಡದೊಂದು ಬಹುಮಾನದ ಕಪ್ಪು ನಮ್ಮ ಟೀವಿಯ ಪಕ್ಕ ಬಂದು ಕುಳಿತಿತು.

ಕಳೆದ ವರ್ಷ ಪಿಂಚಣಿದಾರರ ಮರುಪರಿಶೀಲನೆ ಎಂದು ಸುದ್ದಿಯಾಯಿತು. ಮನೆಗೆ ಸರ್ಕಾರದವರು ಬರುತ್ತಾರೆಂದು ಕೇಳಿದ ಕೆಂಪಜ್ಜಿ, ನಮ್ಮ ಕಡೆಯ ಯಾವ ಮಾನವಂತ ಹೆಂಗಸಾದರೂ ಮಾಡುವುದನ್ನೇ ಮಾಡಿದಳು. ಮನೆ ಸಾರಿಸಿ, ನಮ್ಮ ಕುರ್ಚಿ ತಂದಳು. ಪಕ್ಕದ ಗೌರಕ್ಕನ ಮನೆಯಿಂದ ಫ್ಯಾನು, ಸ್ಟೀಲ್ ಲೋಟ, ಸಕ್ಕರೆ, ಬಿಸ್ಕತ್ತು ತಂದಳು. ಗೋಡೆಯ ಗೂಡು ಬರಿದಾಗಿ ಕಾಣುತ್ತದೆಂದು ನನ್ನ ಕಪ್ಪನ್ನೂ ಒಯ್ದು ಅಲ್ಲಿಟ್ಟಳು. ಬಂದವರು ಕುರ್ಚಿಯಲ್ಲಿ ಕೂತು, ಫ್ಯಾನಿನ ಗಾಳಿಯಲ್ಲಿ ಕಾಫಿ ಕುಡಿದು, ‘ಜೀವನಕ್ಕೆ ತೊಂದರೆಯಿಲ್ಲವೇ?’ ಎಂದು ಕೇಳಿದರೆ, ಅಜ್ಜಿ ನಗುತ್ತ ‘ನಂಗೇನ್ ಕಮ್ಮಿ?’ ಎಂದಳು. ಅವರು ಫೋಟೋ ಹೊಡೆದುಕೊಂಡು ಹೋದರು. ಕಂಡದ್ದನ್ನು ಕಂಡಂತೆಯೇ ಬರೆದರು: ಅನುಕೂಲಸ್ಥರು. ಪಿಂಚಣಿ ನಿಂತಿತು.

ಪಿಂಚಣಿ ನಿಂತದ್ದನ್ನು ಅಜ್ಜಿ ಯಾರಿಗೂ ಹೇಳಲಿಲ್ಲ. ಬಿ.ಪಿ. ಮಾತ್ರೆಯನ್ನು ಆಕೆ ದಿನ ಬಿಟ್ಟು ದಿನ ನುಂಗುತ್ತಿರುವುದನ್ನು ಕಂಡುಹಿಡಿದವಳು ಗೌರಕ್ಕ. ನಾನು ಹೋಗಿ ಕೂಗಾಡಿದೆ.

“ಫ್ಯಾನು ನಿಂದಲ್ಲ ಅಂತ ಒಂದು ಮಾತು ಹೇಳಕ್ಕೆ ಏನಾಗಿತ್ತಜ್ಜಿ?”

“ಮನೆಗ್ ಬಂದವ್ರ ಮುಂದೆ ಇಲ್ಲ ಅನ್ನಕ್ಕಾಯ್ತದೇನವ್ವ? ಸರ್ಕಾರದೋರಾದ್ರೂ ನೆಂಟ್ರೇ ಕಣ.”

“ನಾಡಿದ್ದು ಪಂಚಾಯ್ತಿ ಆಫೀಸ್ಗೆ ದೊಡ್ಡ ಅಧಿಕಾರಿ ಬತ್ತಾವ್ರೆ, ಪಿಂಚಣಿ ಅದಾಲತ್ತು. ಅಲ್ಲಾದ್ರೂ ಹೇಳು.”

“ಊರೆಲ್ಲ ಕೂತಿರೋ ತಾವ ನಂಗೆ ಸಾಲ್ದು ಅಂತ ಬಾಯ್ಬುಡ್ಲಾ? ಅದ್ಕಿಂತ ಆ ದುಡ್ಡೇ ಬ್ಯಾಡ ಬುಡು.”

ಓದುಗರೇ, ನಾನು ಅನೇಕ ಪ್ರತಿವಾದಿಗಳನ್ನು ಕಂಡಿದ್ದೇನೆ. ತನ್ನ ವಿರುದ್ಧವೇ ಇಷ್ಟು ದಕ್ಷವಾಗಿ ವಾದಿಸುವವರನ್ನು ಕಂಡಿರಲಿಲ್ಲ. ಕಡೆಗೊಂದು ಒಪ್ಪಂದವಾಯಿತು: ಅಜ್ಜಿ ಬರುತ್ತಾಳೆ, ಆದರೆ ‘ಇಲ್ಲ’ ಎಂಬ ಮಾತಾಗಲಿ ‘ಸಾಲದು’ ಎಂಬ ಮಾತಾಗಲಿ ಆಕೆಯ ಬಾಯಿಂದಲೂ ಬರಕೂಡದು, ಆಕೆಯ ಪರವಾಗಿ ನನ್ನ ಬಾಯಿಂದಲೂ ಬರಕೂಡದು. ಬಡತನವೆಂಬ ಶಬ್ದವನ್ನೆತ್ತದೆ ಬಡತನವನ್ನು ಸಾಬೀತುಪಡಿಸುವ ಇಂಥ ನಿಯಮದ ಸ್ಪರ್ಧೆಯನ್ನು ಯಾವ ಕಾಲೇಜೂ ಏರ್ಪಡಿಸಿರಲಿಲ್ಲ.

ಅಧಿಕಾರಿ ಕನ್ನಡಕದ ಹೆಂಗಸು, ಮಾತು ಮಿತ. ಕಡತದಿಂದ ಆ ಫೋಟೋವನ್ನೇ ತೆಗೆದು ನನ್ನೆದುರಿಗೆ ಹಿಡಿದರು. ಅದರಲ್ಲಿ ಅಜ್ಜಿ ಕುರ್ಚಿಯ ಪಕ್ಕ, ಅದರ ಬೆನ್ನನ್ನು ಕ್ಯಾಮೆರಾ ಕಡೆಗೆ ತಿರುಗಿಸಿಕೊಂಡು, ನೆಟ್ಟಗೆ ನಿಂತಿದ್ದಳು. ರಾತ್ರಿಯಿಡೀ ಸಿದ್ಧಪಡಿಸಿದ್ದ ನನ್ನ ಪೀಠಿಕೆಯನ್ನು ಬದಿಗಿಟ್ಟು ಆ ಕುರ್ಚಿಯ ಬೆನ್ನಿಗೆ ಬೆರಳಿಟ್ಟೆ.

“ಮೇಡಂ, ಕುರ್ಚಿ ಮೇಲೆ ಏನು ಬರೆದಿದೆ ಓದಿ.”

“ಚಿ... ಮ...”

“ಅದು ನಾನೇ ಸಾ... ಮೇಡಮ್ಮೋರೇ,” ಎಂದು ಹಿಂದಿನಿಂದ ಅಪ್ಪ ಎದ್ದ. “ಚಿಕ್ಕಮರಿಯಪ್ಪ. ಕುರ್ಚಿ ನಂದು.”

ಅಪ್ಪ ಎದ್ದದ್ದೇ ತಡ, ಗೌರಕ್ಕ ಸೆರಗು ಸಿಕ್ಕಿಸಿಕೊಂಡು ಬಂದು ತನ್ನ ಹೆಸರು ಹಾಕಿಸಿದ್ದ ಲೋಟವನ್ನು ಮೇಜಿನ ಮೇಲೆ ಕುಕ್ಕಿದಳು. “ಅವತ್ತು ನಿಮ್ಮೋರು ಕಾಪಿ ಕುಡ್ದಿದ್ದು ಇದ್ರಲ್ಲೇಯ. ಫ್ಯಾನೂ ನಂದೇ. ಸಕ್ರೆ ಮ್ಯಾಲೆ ಹೆಸ್ರು ಹಾಕ್ಸಕ್ಕಾಗ್ನಿಲ್ಲ ಕಣ್ರವ್ವ!”

ಸಭೆ ನಕ್ಕಿತು. ಅಧಿಕಾರಿ ತುಟಿ ಬಿಗಿಹಿಡಿದು, “ಗೂಡಿನಲ್ಲಿರೋ ಬೆಳ್ಳಿ ಪಾತ್ರೆ?” ಎಂದರು. ಚೀಲದಿಂದ ಕಪ್ಪು ತೆಗೆದು ಕೊಟ್ಟೆ. ಅದರ ಮೇಲಿನ ಬರಹವನ್ನು ಅವರು ಗಟ್ಟಿಯಾಗಿ ಓದಿದರು: “‘ಸರ್ಕಾರದ ಮಾಸಾಶನ ಬದುಕಲು ಸಾಕು’. ಪರ ವಾದ, ಪ್ರಥಮ ಬಹುಮಾನ.” ಕನ್ನಡಕದ ಮೇಲಿಂದ ನನ್ನನ್ನೇ ನೋಡಿದರು. “ಅವತ್ತು ಹೇಳಿದ್ದು ಸುಳ್ಳಾ?”

“ನಾನು ಬೀದೀನ ಲೆಕ್ಕಕ್ಕೆ ಹಿಡಿದಿರಲಿಲ್ಲ ಮೇಡಂ,” ಎಂದೆ. ಆಮೇಲೆ ಮಾತು ತಾನಾಗಿ ಹರಿಯಿತು. ರೇಷ್ಮೆಹುಳು ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾದ ದಿನ ಅಜ್ಜಿ ಮನೆಮನೆಗೂ ಹೋಗಿ, ಕರೆಯುವ ಮುಂಚೆಯೇ, ಹುಳು ಆಯ್ದು ಬಿದಿರಿನ ಚಂದ್ರಿಕೆಗೆ ಬಿಡುತ್ತಾಳೆ, ಕೂಲಿ ಮುಟ್ಟುವುದಿಲ್ಲ. ಬೀದಿ ತಿರುಗಿ ಸಾರು ಕೊಡುತ್ತದೆ, ರಾಗಿಹಿಟ್ಟು ಕೊಡುತ್ತದೆ, ಕುರ್ಚಿ ಕೊಡುತ್ತದೆ. ಸರ್ಕಾರ ಕೊಡುವುದಕ್ಕೂ ಬದುಕಿಗೆ ಬೇಕಾದುದಕ್ಕೂ ನಡುವೆ ಇರುವ ಕಂದಕವನ್ನು ಲೋಟ ಲೋಟವಾಗಿ ತುಂಬುತ್ತಿರುವವರು ನಾವು. ಅಂದಮೇಲೆ ನಮ್ಮ ಬೀದಿಯೇ ತಿಂಗಳು ತಿಂಗಳೂ ಸರ್ಕಾರಕ್ಕೆ ಮಾಸಾಶನ ಕೊಡುತ್ತಿದೆ, ಅದಕ್ಕಾದರೂ ಒಂದು ರಸೀದಿ ಬೇಡವೇ ಎಂದೆ. ಮೇಜನ್ನು ಗುದ್ದಲಿಲ್ಲ, ಗುದ್ದುವ ಅಗತ್ಯವೂ ಬೀಳಲಿಲ್ಲ.

ಅಧಿಕಾರಿ ಅಜ್ಜಿಯತ್ತ ತಿರುಗಿದರು. “ಅಜ್ಜಿ, ನೀವೇನೂ ಹೇಳೋದಿಲ್ವಾ?”

ಅಜ್ಜಿ ಸೆರಗು ಹೊದ್ದು ಎದ್ದು ನಿಂತಳು. ಮತ್ತೆ ‘ನಂಗೇನ್ ಕಮ್ಮಿ’ ಎಂದರೆ ಎಲ್ಲವೂ ನೀರುಪಾಲು.

“ಮನೇಗ್ ಬನ್ನಿ ಕಣವ್ವ,” ಎಂದಳು ಅಜ್ಜಿ. “ಒಸಿ ಕಾಪಿ ಕುಡ್ಕೊಂಡ್ ಹೋಗೀರಂತೆ.”

“ಬರಾದಾದ್ರೆ ಈಗ್ಲೇ ಹೇಳ್ಬುಡಿ ಮೇಡಮ್ಮೋರೇ,” ಎಂದು ಗೌರಕ್ಕ ಕೂಗಿದಳು, “ಲೋಟ ತೊಳ್ದಿಡ್ತೀನಿ!”

ಅಧಿಕಾರಿಯ ತುಟಿಯ ಬಿಗಿತ ಸಡಿಲಿತು. ನಗುತ್ತಲೇ ಕಡತದ ಮೇಲೆ ಏನೋ ಗೀಚಿ, ಅಲ್ಲೇ ಸಹಿ ಹಾಕಿದರು. ಪಿಂಚಣಿ ಮತ್ತೆ ಬಂತು, ನಿಂತ ತಿಂಗಳುಗಳದ್ದೂ ಸೇರಿ. ಅಂದು ನಮ್ಮ ಬೀದಿ ನಡೆದು ಬಂದ ಠೀವಿ ನೋಡಬೇಕಿತ್ತು. ಮುಂದೆ ಲೋಟ ಹಿಡಿದ ಗೌರಕ್ಕ, ನಡುವೆ ತಲೆಯೆತ್ತಿದ ಅಜ್ಜಿ, ಹಿಂದೆ ಕಪ್ಪು ಹಿಡಿದ ನಾನು. ಮಾಸಾಶನ ಸಾಕೇ ಎಂದು ಈಗ ಯಾರಾದರೂ ಕೇಳಿದರೆ ನಾನು ಚೀಟಿ ಎತ್ತುವುದಿಲ್ಲ. ಸಾಲದು ಎಂದು ಹೇಳುತ್ತೇನೆ. ಸಾಕೆನ್ನುವ ಹಿರಿಮೆ ಅಜ್ಜಿಗೆ ಇರಲಿ, ಅದನ್ನೇ ನೆಪ ಮಾಡಿಕೊಳ್ಳುವ ಹಕ್ಕು ಮಾತ್ರ ಯಾರಿಗೂ ಬೇಡ.

ಕಪ್ಪನ್ನು ಅಜ್ಜಿಗೇ ಬಿಟ್ಟೆ; ಅದರಲ್ಲೀಗ ದಿನಕ್ಕೊಂದರಂತೆ ಖಾಲಿಯಾಗುವ ಬಿ.ಪಿ. ಮಾತ್ರೆಗಳಿವೆ. ನೀಲಿ ಕುರ್ಚಿ ಇವತ್ತೂ ಮನೆಯಲ್ಲಿಲ್ಲ, ನಾನು ನೆಲದಲ್ಲೇ ಕೂತು ಬರೆಯುತ್ತಿದ್ದೇನೆ. ಅದು ಹೊರಡುವ ಮುನ್ನ ಅಪ್ಪ ಕೆಂಪು ಬಣ್ಣದ ಡಬ್ಬಿ ಬಿಚ್ಚಿ, ‘ಚಿ.ಮ.’ ಅನ್ನು ಬೆನ್ನಿನ ತುಂಬ ದೊಡ್ಡದಾಗಿ ತಿದ್ದಿ ಬರೆದ, ಮುಂದಿನ ಪರಿಶೀಲನೆಯವರು ಕನ್ನಡಕ ಮರೆತು ಬಂದರೂ ಓದುವಂತಿರಲಿ ಎಂದು.